ಬೀಗ ಮುರಿದ ಬಾಗಿಲು, ಕಾಣದ ಒಡೆಯ

ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ, ಮನೆಯಲ್ಲಿ ಹಿಡಿಸದ ಸಾಮಾನುಗಳನ್ನು ತಿಂಗಳ ಬಾಡಿಗೆ ಕೊಟ್ಟು ಇರಿಸುವ ಗೋದಾಮುಗಳು ಊರೂರಿಗೂ ಉಂಟು. ಬಾಡಿಗೆ ನಿಂತುಹೋದ ಕೋಣೆಯೊಂದರ ಬೀಗವನ್ನು ಕತ್ತರಿಸಿ ತಗಡಿನ ಬಾಗಿಲನ್ನು ಮೇಲಕ್ಕೆ ಸರಿಸಿದೊಡನೆ, ಹರಾಜಿಗೆಂದು ನೆರೆದ ವ್ಯಾಪಾರಿಗಳು ಹೊಸ್ತಿಲ ಬಳಿ ಒತ್ತೊತ್ತಾಗಿ ನಿಂತು, ಒಳಗೆ ಕಾಲಿಡುವ ಅಪ್ಪಣೆಯಿಲ್ಲದೆ, ಯಾವುದನ್ನೂ ಮುಟ್ಟುವ ಅಪ್ಪಣೆಯಿಲ್ಲದೆ, ಕೈದೀಪದ ಬೆಳಕನ್ನು ಮಾತ್ರ ಒಳಕ್ಕೆ ಹಾಯಿಸುತ್ತಾರೆ. ಹಾಸಿಗೆಯೊಂದರ ಅಂಚು, ರಟ್ಟಿನ ಪೆಟ್ಟಿಗೆಗಳ ರಾಶಿ, ಕಾಲು ಮುರಿದ ಕುರ್ಚಿ, ಮಗುವಿನ ಮೂರು ಚಕ್ರದ ಸೈಕಲ್ಲು, ಎಲ್ಲಕ್ಕೂ ಹಿಂದೆ ಹೊದಿಕೆ ಹೊದ್ದ ಯಾವುದೋ ಒಂದು ದೊಡ್ಡ ಆಕಾರ: ಅಷ್ಟನ್ನು ನೋಡಿ, ಕಾಣದಿರುವುದನ್ನು ಊಹಿಸಿ, ಸವಾಲು ಕೂಗಬೇಕು. 2010ರ ಡಿಸೆಂಬರಿನಲ್ಲಿ ಎ ಅಂಡ್ ಇ ವಾಹಿನಿಯಲ್ಲಿ ಆರಂಭವಾದ 'ಸ್ಟೋರೇಜ್ ವಾರ್ಸ್' ಎಂಬ ಕಾರ್ಯಕ್ರಮದ ಸಮಸ್ತ ಆಕರ್ಷಣೆಯೂ ಆ ಹೊದಿಕೆಯ ಕೆಳಗಿನ ಆಕಾರದಲ್ಲಿದೆ.

ಇದೇ ಬಳಗಕ್ಕೆ ಸೇರಿದ ಬೇರೆ ಕಾರ್ಯಕ್ರಮಗಳೂ ಇವೆ. ಲಾಸ್ ವೇಗಾಸ್ ನಗರದ ಗಿರವಿ ಅಂಗಡಿಯೊಂದನ್ನು ತೋರಿಸುವ 'ಪಾನ್ ಸ್ಟಾರ್ಸ್' 2009ರದು. ಹಳ್ಳಿಗಾಡಿನ ಕೊಟ್ಟಿಗೆಗಳಲ್ಲಿ ಹಳೆಯ ಸಾಮಾನು ಹುಡುಕುವ 'ಅಮೆರಿಕನ್ ಪಿಕರ್ಸ್' ಅದರ ಮರುವರ್ಷದ್ದು. ಕೆಡಹುವ ಮನೆಗಳಿಂದ ಬಾಗಿಲು, ಕಂಬ, ಬಣ್ಣದ ಗಾಜುಗಳನ್ನು ಉಳಿಸಿಕೊಂಡು ಬರುವ 'ಸಾಲ್ವೇಜ್ ಡಾಗ್ಸ್' ವರ್ಜೀನಿಯಾದ ರೋನೋಕ್ ಊರಿನದು. ಇವನ್ನೆಲ್ಲ ದುರಾಶೆಯ ಪ್ರದರ್ಶನವೆಂದು ತಳ್ಳಿಹಾಕುವುದು ಸುಲಭ. ಆದರೆ ನೋಡುವವನಿಗೆ ಅದರಿಂದ ಒಂದು ಕಾಸೂ ಬರುವುದಿಲ್ಲ. ಪೆಟ್ಟಿಗೆಯಲ್ಲಿ ದೊರೆತ ಬಂಗಾರ ಅವನ ಕೈ ಸೇರುವುದಿಲ್ಲ. ಆದಾಗ್ಯೂ ಅವನ ಮುಖ ಅರಳುತ್ತದೆ. ಫಲದಲ್ಲಿ ಪಾಲಿಲ್ಲದವನಿಗೂ ಉಂಟಾಗುವ ಈ ಆನಂದವನ್ನು ಲೋಭವೆಂದು ಕರೆದರೆ ಲೋಭದ ಲಕ್ಷಣವನ್ನೇ ತಪ್ಪಾಗಿ ತಿಳಿದಂತಾಗುತ್ತದೆ. ಇದರ ಬೇರು ಬೇರೆ ಎಲ್ಲಿಯೋ ಇರಬೇಕು.

ಆ ಬೇರನ್ನು ಅರಸುವಾಗ ನನಗೆ ನೆರವಾಗುವವನು ಕಲ್ಯಾಣದ ವಿಜ್ಞಾನೇಶ್ವರ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಇದ್ದು, ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದ ಆ ಧರ್ಮಶಾಸ್ತ್ರಜ್ಞ, ದಾಯವಿಭಾಗದ ಪ್ರಕರಣದ ಆರಂಭದಲ್ಲಿಯೇ ಒಂದು ಮೂಲಭೂತ ಪ್ರಶ್ನೆಯನ್ನು ಎತ್ತುತ್ತಾನೆ: ಒಂದು ವಸ್ತು 'ನನ್ನದು' ಆಗುವುದು ಶಾಸ್ತ್ರ ಹೇಳಿದುದರಿಂದಲೋ, ಅಥವಾ ಲೋಕವ್ಯವಹಾರದಿಂದಲೋ? ಶಾಸ್ತ್ರದ ಗಂಧವೇ ಇಲ್ಲದ ಗಡಿನಾಡಿನ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ, ಇದು ನನ್ನದು ಅದು ನಿನ್ನದು ಎಂದು ನಡೆದುಕೊಳ್ಳುತ್ತಾರೆ. ಆದುದರಿಂದ ಸ್ವತ್ವವೆಂಬುದು ಲೌಕಿಕವೇ ಎಂಬುದು ಅವನ ನಿರ್ಣಯ. ಒಡೆತನ ಹುಟ್ಟುವ ದಾರಿಗಳನ್ನು ಹೇಳುವ ಗೌತಮ ಧರ್ಮಸೂತ್ರವನ್ನೂ ಅವನು ಅಲ್ಲಿ ಎತ್ತಿಕೊಂಡು ವಿವರಿಸುತ್ತಾನೆ. ಪಿತ್ರಾರ್ಜಿತವಾಗಿ ಬಂದದ್ದು, ಕ್ರಯಕ್ಕೆ ಕೊಂಡದ್ದು, ಪಾಲಿನಲ್ಲಿ ದೊರೆತದ್ದು, ಯಾರಿಗೂ ಸೇರದ ನೀರು ಹುಲ್ಲು ಸೌದೆಗಳಂತೆ ಮೊದಲು ಕೈಹಾಕಿದವನು ಪಡೆದದ್ದು; ಕೊನೆಯದಾಗಿ ಅಧಿಗಮ, ಎಂದರೆ ನಿಧಿಯೇ ಮೊದಲಾದುವು ಕಣ್ಣಿಗೆ ಬಿದ್ದು ದೊರೆತದ್ದು.

ಈ ಮಾರ್ಗಗಳಲ್ಲಿ ಅಧಿಗಮಕ್ಕೆ ಇರುವ ವಿಶೇಷವನ್ನು ಗಮನಿಸಬೇಕು. ಪಿತ್ರಾರ್ಜಿತದಲ್ಲಿ ತಂದೆಯ ಋಣ ನಿಂತಿರುತ್ತದೆ. ಕ್ರಯದಲ್ಲಿ ತೆತ್ತ ಬೆಲೆಯ ನೆನಪೂ, ಮೋಸಹೋದೆನೋ ಎಂಬ ಅಳುಕೂ ಇರುತ್ತವೆ. ಪಾಲಿನಲ್ಲಿ ಅಣ್ಣತಮ್ಮಂದಿರ ಕಣ್ಣು ಇರುತ್ತದೆ. ಮಣ್ಣಿನ ಕೆಳಗಿನಿಂದ, ಮರೆವಿನ ಒಳಗಿನಿಂದ ತಾನಾಗಿ ಬಂದ ವಸ್ತುವಿನ ಎದುರಿಗೆ ಮಾತ್ರ ಕೊಡುವವನ ಮುಖ ಕಾಣುವುದಿಲ್ಲ. ಲೋಕವೇ ಕೈನೀಡಿ ಕೊಟ್ಟಿತೆಂಬ ಭಾವ ಹುಟ್ಟುತ್ತದೆ. ಭಕ್ತನು ಯಾವುದನ್ನು ಅನುಗ್ರಹವೆನ್ನುತ್ತಾನೆಯೋ ಅದರ ನೆರಳು ಇದರಲ್ಲಿ ಇದೆ. ಪ್ರತಿಯೊಂದು ವಸ್ತುವಿನ ಮೇಲೂ ಬೆಲೆಯ ಚೀಟಿ ಅಂಟಿರುವ, ಪ್ರತಿಯೊಂದಕ್ಕೂ ರಸೀದಿಯಿರುವ ಈ ಕಾಲದಲ್ಲಿ, ಲೆಕ್ಕಕ್ಕೆ ಸಿಕ್ಕದ ಒಳ್ಳೆಯದು ಜಗತ್ತಿನ ಯಾವುದೋ ಮೂಲೆಯಲ್ಲಿ ಇನ್ನೂ ಉಳಿದಿದೆಯೆಂಬ ಸಾಕ್ಷ್ಯವನ್ನು ಕಂಡು ಮನುಷ್ಯ ಸಂತೋಷಪಡುತ್ತಾನೆ. ಆ ಸಂತೋಷವನ್ನು ನಾನು ಹಗುರವಾಗಿ ಕಾಣಲಾರೆ. ಗೋದಾಮಿನ ಹರಾಜು ವಾಸ್ತವವಾಗಿ ಕ್ರಯವೇ ಸರಿ. ಆದರೆ ಏನನ್ನು ಕೊಂಡೆನೆಂಬುದು ಕೊಂಡ ಮೇಲಷ್ಟೇ ತಿಳಿಯುವುದರಿಂದ ಅದಕ್ಕೆ ಅಧಿಗಮದ ಕಳೆ ಬರುತ್ತದೆ.

ತೆರೆಯ ಮೇಲೆ ಕಂಡದ್ದು ನಿಜವೇ ಎಂಬ ಪ್ರಶ್ನೆ ಇಷ್ಟು ತೀಕ್ಷ್ಣವಾಗುವುದು ಈ ಕಾರಣದಿಂದಲೇ. 2012ರ ಡಿಸೆಂಬರಿನಲ್ಲಿ, ಅದೇ ಕಾರ್ಯಕ್ರಮದ ಪ್ರಮುಖ ವ್ಯಾಪಾರಿಗಳಲ್ಲಿ ಒಬ್ಬನಾದ ಡೇವ್ ಹೆಸ್ಟರ್, ವಾಹಿನಿಯ ಮೇಲೂ ನಿರ್ಮಾಪಕ ಸಂಸ್ಥೆಯ ಮೇಲೂ ಲಾಸ್ ಏಂಜಲಿಸ್ ನ್ಯಾಯಾಲಯದಲ್ಲಿ ದಾವೆ ಹೂಡಿದ. ನೋಡುಗರಲ್ಲಿ ಕುತೂಹಲ ಕೆರಳಿಸುವುದಕ್ಕಾಗಿ ಬೆಲೆಬಾಳುವ ಅಥವಾ ವಿಚಿತ್ರವಾದ ವಸ್ತುಗಳನ್ನು ಮೊದಲೇ ಕೋಣೆಗಳಲ್ಲಿ ತಂದಿರಿಸುತ್ತಿದ್ದರೆಂಬುದು ಅವನ ಆರೋಪ. ಕಸದ ರಾಶಿಯ ಕೆಳಗೆ ಹುದುಗಿಸಿದ್ದ ಬಿಎಂಡಬ್ಲ್ಯು ಮಿನಿ ಕಾರು, ಗಾಯಕ ಎಲ್ವಿಸ್ ಪ್ರೀಸ್ಲಿ ತೀರಿಕೊಂಡ ಸುದ್ದಿಯನ್ನು ಹೊತ್ತ ಹಳೆಯ ಪತ್ರಿಕೆಗಳು ಅವನು ಕೊಟ್ಟ ಉದಾಹರಣೆಗಳು. 1950ರ ದಶಕದಲ್ಲಿ 'ಟ್ವೆಂಟಿ ಒನ್' ಎಂಬ ರಸಪ್ರಶ್ನೆ ಸ್ಪರ್ಧೆಯಲ್ಲಿ ಉತ್ತರಗಳನ್ನು ಮುಂಚೆಯೇ ಹೇಳಿಕೊಟ್ಟಿದ್ದ ಹಗರಣ ಬಯಲಾಗಿ, 1960ರಲ್ಲಿ ಅಂಥ ವಂಚನೆಯನ್ನು ಅಪರಾಧವೆಂದು ಅಮೆರಿಕದ ಸಂಸತ್ತು ಕಾನೂನು ಮಾಡಿತ್ತು. ಆ ಕಾನೂನನ್ನೂ ಅವನ ದಾವೆ ಆಶ್ರಯಿಸಿತು. ವಾಹಿನಿಯ ವಾದ ಬೇರೆ: ಈ ಕಾರ್ಯಕ್ರಮ ಒಂದು ಅಭಿವ್ಯಕ್ತಿ, ಅಭಿವ್ಯಕ್ತಿಗೆ ಸಂವಿಧಾನದ ರಕ್ಷಣೆ ಇದೆ. 2013ರಲ್ಲಿ ನ್ಯಾಯಾಧೀಶರು ದಾವೆಯ ಒಂದು ಭಾಗವನ್ನು ಆ ಆಧಾರದ ಮೇಲೆ ತಳ್ಳಿಹಾಕಿದರು. 2014ರಲ್ಲಿ ಉಳಿದುದೆಲ್ಲ ರಾಜಿಯಲ್ಲಿ ಮುಗಿಯಿತು. ಹೆಸ್ಟರ್ ಕಾರ್ಯಕ್ರಮಕ್ಕೆ ಮರಳಿದ. ಇಟ್ಟರೋ ಇಲ್ಲವೋ ಎಂಬುದು ತೀರ್ಮಾನವಾಗಲೇ ಇಲ್ಲ.

ಅಭಿವ್ಯಕ್ತಿಯೆಂಬ ವಾದವನ್ನು ನಾವು ಗೌರವದಿಂದಲೇ ಪರಿಶೀಲಿಸಬೇಕು. ಏಕೆಂದರೆ ಕೃತಕವಾದುದೆಲ್ಲ ಅಸತ್ಯವಲ್ಲವೆಂಬುದನ್ನು ನಮ್ಮ ನಾಟ್ಯಮೀಮಾಂಸಕರು ಬಹು ಹಿಂದೆಯೇ ಕಂಡುಕೊಂಡಿದ್ದಾರೆ. ರಂಗದ ಮೇಲಿನ ನಟನನ್ನು ರಾಮನೆಂದು ಕಾಣುವ ಅರಿವು ನಿಜವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಹೋಲಿಕೆಯೂ ಅಲ್ಲ, ಚಿತ್ರದ ಕುದುರೆಯನ್ನು ಕುದುರೆಯೆಂದು ಕಾಣುವಂಥ ಒಂದು ಬೇರೆಯೇ ಅರಿವು ಎಂದು ಶ್ರೀಶಂಕುಕ ಹೇಳಿದ. ಸಹೃದಯನಿಗೆ ಇದು ನಾಟಕವೆಂದು ಗೊತ್ತಿರುತ್ತದೆ. ಗೊತ್ತಿರುವುದರಿಂದ ಅವನ ರಸಾನುಭವಕ್ಕೆ ಕುಂದು ಬರುವುದಿಲ್ಲ. ಆದರೆ ಹರಾಜಿನ ಕಾರ್ಯಕ್ರಮಕ್ಕೆ ಈ ನ್ಯಾಯ ಸಲ್ಲದು. ಇಲ್ಲಿನ ಆನಂದವು 'ಇದನ್ನು ಯಾರೂ ಇಟ್ಟದ್ದಲ್ಲ' ಎಂಬ ನಂಬಿಕೆಯೊಂದನ್ನೇ ಆಧಾರವಾಗಿ ಪಡೆದದ್ದು. ಕಸದ ಕೆಳಗೆ ವಸ್ತುವನ್ನು ಯಾರಾದರೂ ಇರಿಸಿದ್ದರೆ, ಲೋಕವು ಕೊಟ್ಟಿತೆಂದು ನಾವು ಹಿಗ್ಗಿದ ಕೊಡುಗೆಗೆ ಸಂಬಳ ಪಡೆಯುವ ದಾತನೊಬ್ಬ ಇದ್ದನೆಂದಾಯಿತು. ನಾವು ಅನುಭವಿಸಿದ ಅನುಗ್ರಹ ಖೋಟಾ ಆಯಿತು. ಕಾನೂನು ಇದನ್ನು ಕ್ಷಮಿಸಬಹುದು, ಸತ್ಯಧರ್ಮ ಕ್ಷಮಿಸದು. ಸಂಚಿಕೆಯ ಕೊನೆಯಲ್ಲಿ ತೆರೆಯ ಮೇಲೆ ಮೂಡುವ ಲಾಭದ ಮೊತ್ತವೂ ಬಹುತೇಕ ತಜ್ಞರೋ ವ್ಯಾಪಾರಿಗಳೋ ಹೇಳಿದ ಅಂದಾಜೇ ಹೊರತು ಯಾರೋ ತೆತ್ತ ಹಣವಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಇಂಥ ಸುಳ್ಳಿನಿಂದ ಯಾರಿಗೆ ಏನು ನಷ್ಟ ಎಂದು ಕೇಳುವವರು ಖಡ್ಗವೊಂದರ ಕಥೆಯನ್ನು ತಿಳಿಯಬೇಕು. 1979ರಿಂದ ಬಿಬಿಸಿಯಲ್ಲಿ ನಡೆದುಬಂದಿರುವ 'ಆಂಟೀಕ್ಸ್ ರೋಡ್‌ಷೋ'ವಿನ ಅಮೆರಿಕದ ಆವೃತ್ತಿ 1997ರಲ್ಲಿ ಆರಂಭವಾಯಿತು. ಜನರು ಮನೆಯಲ್ಲಿರುವ ಹಳೆಯ ವಸ್ತುವನ್ನು ತರುತ್ತಾರೆ, ತಜ್ಞರು ಅದರ ಚರಿತ್ರೆಯನ್ನೂ ಮೌಲ್ಯವನ್ನೂ ಹೇಳುತ್ತಾರೆ. ಆ ಮೊದಲ ಕಾಲದಲ್ಲಿ ಒಬ್ಬಾತ ಅಂತರ್ಯುದ್ಧದ ಕಾಲದ ಖಡ್ಗವೊಂದನ್ನು ತಂದು, ಹುಡುಗನಾಗಿದ್ದಾಗ ಇದರಿಂದ ಕಲ್ಲಂಗಡಿ ಹಣ್ಣು ಕತ್ತರಿಸುತ್ತಿದ್ದೆನೆಂದು ಹೇಳಿದ. ತಜ್ಞ ಬೆರಗಾಗಿ ಅದಕ್ಕೆ 35,000 ಡಾಲರ್ ಬೆಲೆ ಹೇಳಿದ. ಎಲ್ಲವೂ ಮುಂಚೆಯೇ ಹೊಂದಿಸಿಕೊಂಡ ಆಟ. ಹೀಗೆ ಗಳಿಸಿದ ಖ್ಯಾತಿಯನ್ನು ಹಿಡಿದು ಆ ಆಯುಧತಜ್ಞನೂ ಅವನ ಜೊತೆಗಾರನೂ ಸೈನಿಕರ ವಂಶಸ್ಥರ ಮನೆಗಳಿಗೆ ಹೋದರು. ಗೆಟಿಸ್‌ಬರ್ಗ್ ಯುದ್ಧದಿಂದ ಹೆಸರಾದ ಸೇನಾಪತಿ ಪಿಕೆಟ್‌ನ ವಂಶಸ್ಥನೂ ಅವರನ್ನು ನಂಬಿ, ಪೂರ್ವಜನ ವಸ್ತುಗಳನ್ನು ಅಲ್ಪ ಬೆಲೆಗೆ ಕಳೆದುಕೊಂಡವರಲ್ಲಿ ಒಬ್ಬ. ಕಾರ್ಯಕ್ರಮದವರು 2000ದಲ್ಲಿ ಆ ತಜ್ಞರನ್ನು ದೂರವಿಟ್ಟರು. ಮುಂದೆ ಅವರು ಶಿಕ್ಷೆಯನ್ನೂ ಅನುಭವಿಸಿದರು. ತೆರೆಯ ಮೇಲೆ ಆಡಿದ ಆ ಒಂದು ಸುಳ್ಳು ಯಾರದೋ ಮನೆಯ ಅಟ್ಟವನ್ನು ಬರಿದುಮಾಡಿತು.

ಅದೇ ಕಾರ್ಯಕ್ರಮದಲ್ಲಿ, ಅರಿಜೋನಾದ ಟ್ಯುಸಾನ್ ನಗರದಲ್ಲಿ 2001ರಲ್ಲಿ ಚಿತ್ರಿತವಾದ ಇನ್ನೊಂದು ಪ್ರಸಂಗವಿದೆ. ನಾನು ಅದನ್ನು ಈ ಬಗೆಯ ಕಾರ್ಯಕ್ರಮಗಳಲ್ಲೆಲ್ಲ ಅತ್ಯಂತ ಶುದ್ಧವಾದ ಗಳಿಗೆಯೆಂದು ಎಣಿಸುತ್ತೇನೆ. ಸಾಮಾನ್ಯ ಉಡುಪಿನ ವೃದ್ಧನೊಬ್ಬ, ಮನೆಯ ಕುರ್ಚಿಯೊಂದರ ಬೆನ್ನಿಗೆ ಹಾಕಿಟ್ಟಿದ್ದ ಕಂಬಳಿಯನ್ನು ತಂದಿದ್ದಾನೆ. ಅದು ನವಾಹೋ ಹೆಂಗಸರು ನೇಯ್ದು, ಯೂಟ್ ಜನರ ಮುಖಂಡರು ಹೊದೆಯುತ್ತಿದ್ದ, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ಕಂಬಳಿ. ಬೆಲೆ 3,50,000ದಿಂದ 5,00,000 ಡಾಲರ್ ಎಂದು ಕೇಳಿದಾಗ ಅವನ ಕಣ್ಣು ತುಂಬುತ್ತದೆ. ಅವನ ಬಾಯಿಂದ ಬರುವ ಮಾತು ಬಡ ರೈತಳಾಗಿದ್ದ ತನ್ನ ಅಜ್ಜಿಯದು. ಅಲ್ಲಿ ವಸ್ತುವಿನ ಪಕ್ಕದಲ್ಲಿ ಒಡೆಯ ನಿಂತಿದ್ದಾನೆ, ಒಡೆಯನ ಹಿಂದೆ ಅಜ್ಜಿ ನಿಂತಿದ್ದಾಳೆ, ಅವಳ ಹಿಂದೆ ಹೆಸರು ಉಳಿಯದ ನೇಯ್ಗೆಯವಳು. ಮನುಷ್ಯರ ಈ ಸಾಲು ಕಾಣುವುದರಿಂದಲೇ ಆ ಹಣದ ಮೊತ್ತ ಅಸಭ್ಯವೆನ್ನಿಸುವುದಿಲ್ಲ.

ಗೋದಾಮಿನ ಬಾಗಿಲಿನಲ್ಲಿ ಈ ಸಾಲು ಕತ್ತರಿಸಿಹೋಗಿದೆ. ನನ್ನ ಆಕ್ಷೇಪದ ಮುಖ್ಯಸ್ಥಾನ ಇದೇ. ವಸ್ತುವನ್ನು ಯಾರಾದರೂ ತಂದಿಟ್ಟರೋ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಇಟ್ಟಿದ್ದವನು ಏನಾದ ಎಂಬುದನ್ನು ಕೇಳುವವರು ವಿರಳ. ಮೂರು ಚಕ್ರದ ಸೈಕಲ್ಲಿನ ಮಗು ಯಾವ ಊರಿಗೆ ಹೋಯಿತು? ಕೆಲಸ ಹೋಯಿತೆ, ರೋಗ ಬಂತೆ, ಸಂಸಾರ ಒಡೆಯಿತೆ, ಸಾವು ಸಂಭವಿಸಿತೆ? ಬಾಡಿಗೆ ನಿಲ್ಲುವುದು ಸಾಮಾನ್ಯವಾಗಿ ಇಂಥ ಕಾರಣಗಳಿಂದಲೇ. ಕಾರ್ಯಕ್ರಮವು ಕೋಣೆಯನ್ನು 'ತೊರೆದುಬಿಟ್ಟದ್ದು' ಎಂದು ಕರೆದು ಮುಂದೆ ಸಾಗುತ್ತದೆ. ಕಷ್ಟದಲ್ಲಿ ಸಿಕ್ಕಿ ಬಿಡಿಸಿಕೊಳ್ಳಲಾರದೆ ಹೋದವನನ್ನು ತ್ಯಾಗಮಾಡಿದವನೆಂಬಂತೆ ಹೇಳುವುದು, ಕಸದಲ್ಲಿ ಕಾರು ಹುದುಗಿಸುವುದಕ್ಕಿಂತ ದೊಡ್ಡ ಅಸತ್ಯವೆಂದು ನನ್ನ ದೃಢವಾದ ನಂಬಿಕೆ.

ನಮ್ಮ ಹಿರಿಯರು ಈ ವಿಷಯದಲ್ಲಿ ಆಶ್ಚರ್ಯವೆನ್ನಿಸುವಷ್ಟು ಸೂಕ್ಷ್ಮವಾಗಿದ್ದರು. ಶ್ರಾವಕನು, ಎಂದರೆ ಜೈನ ಗೃಹಸ್ಥನು, ತನಗೆ ಕೊಡದ ಪರರ ವಸ್ತುವನ್ನು, ಅದು ಇಟ್ಟದ್ದಾಗಿರಲಿ, ಬಿದ್ದದ್ದಾಗಿರಲಿ, ಮರೆತದ್ದಾಗಿರಲಿ, ತಾನೂ ತೆಗೆದುಕೊಳ್ಳಬಾರದು, ಇನ್ನೊಬ್ಬರಿಗೂ ಕೊಡಬಾರದು ಎಂದು ಜೈನಾಚಾರ್ಯ ಸಮಂತಭದ್ರರು ವಿಧಿಸಿದರು. ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕ, ದಾರಿಯಲ್ಲಿ ಬಿದ್ದಿರುವ ಹೊನ್ನನ್ನೂ ತಾನು ಮುಟ್ಟಲಾರೆನೆಂದು ಆಣೆಯಿಟ್ಟು ಹೇಳಿದಳು. ಒಡೆಯ ತಿಳಿಯದ ಸ್ವತ್ತನ್ನು ಅರಸನು ಮೂರು ವರ್ಷ ಕಾಪಾಡಿಡಬೇಕು, ಒಡೆಯ ಬಂದು ಗುರುತು ಹೇಳಿದರೆ ಒಪ್ಪಿಸಬೇಕು ಎಂದು ಮನು; ಕಳೆದುಹೋಗಿ ಸುಂಕದವರ ಕೈಗೋ ಕಾವಲಿನವರ ಕೈಗೋ ಸಿಕ್ಕಿ ಬಂದದ್ದಕ್ಕೆ ಯಾಜ್ಞವಲ್ಕ್ಯ ಇಟ್ಟ ಗಡುವು ಒಂದು ವರ್ಷ. ಕಾಣದವನಿಗೂ ಒಂದು ಅವಧಿಯ ತನಕ ಹಕ್ಕುಂಟೆಂಬ ಭಾವನೆ ಇವೆಲ್ಲದರ ತಳಹದಿ.

ಗಡಿನಾಡಿನವರೂ ಸ್ವತ್ವವನ್ನು ಬಲ್ಲರೆಂದು ವಿಜ್ಞಾನೇಶ್ವರ ಹೇಳಿದ್ದು ಕ್ಯಾಲಿಫೋರ್ನಿಯಾಕ್ಕೂ ಸಲ್ಲುತ್ತದೆ. ಅಲ್ಲಿನ ಕಾನೂನು ಅಲ್ಲಿನ ಟೆಲಿವಿಷನ್ನಿಗಿಂತ ಹೆಚ್ಚು ಧರ್ಮಬುದ್ಧಿಯುಳ್ಳದ್ದು. ಬಾಡಿಗೆ 14 ದಿನ ತಪ್ಪಿದ ಮೇಲಷ್ಟೇ ಮೊದಲ ನೋಟೀಸು. ಅನಂತರ ಮತ್ತೊಂದು ನೋಟೀಸು, ಹರಾಜಿನ ಪ್ರಕಟಣೆ. ಅಷ್ಟರೊಳಗೆ ಬಾಕಿ ಕಟ್ಟಿದರೆ ಸಾಮಾನು ಒಡೆಯನದೇ. ಕೊಂಡ ವ್ಯಾಪಾರಿಗಳು ಕುಟುಂಬದ ಭಾವಚಿತ್ರಗಳನ್ನೂ ಸ್ವಂತ ಕಾಗದಪತ್ರಗಳನ್ನೂ ಗೋದಾಮಿನ ಕಚೇರಿಗೆ ಹಿಂದಿರುಗಿಸುವ ವಾಡಿಕೆಯೂ ಆ ಕಸುಬಿನಲ್ಲಿ ಉಂಟು. ತೆರೆಯ ಮೇಲೆ ತೋರಿಸಬೇಕಾದದ್ದು ಇಂಥದು: ಆ ಭಾವಚಿತ್ರಗಳ ಕಟ್ಟು ವ್ಯಾಪಾರಿಯ ಕೈಯಿಂದ ಕಚೇರಿಯ ಮೇಜಿಗೆ ಹೋಗುವ ದೃಶ್ಯ. ಅದನ್ನು ತೋರಿಸಿದರೆ ಕಾರ್ಯಕ್ರಮದ ಸ್ವಾರಸ್ಯ ಕಡಮೆಯಾಗುವುದೆಂದು ನನಗೆ ತೋರುವುದಿಲ್ಲ.

ಅಷ್ಟು ಮಾಡಲಾಗದಿದ್ದರೆ, ಲಾಭದ ಮೊತ್ತ ಮೂಡುವ ತೆರೆಯ ಮೇಲೆಯೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಆ ನಾಡಿನ ಕಾನೂನಿನ ಒಂದು ಅಂಶವನ್ನಾದರೂ ಪ್ರಕಟಿಸಬೇಕು. ಹರಾಜಿನಲ್ಲಿ ಬಂದ ಹಣದಿಂದ ಬಾಡಿಗೆಯ ಬಾಕಿಯನ್ನೂ ಖರ್ಚನ್ನೂ ಕಳೆದು ಮಿಕ್ಕದ್ದನ್ನು ಗೋದಾಮಿನವರು ಒಂದು ವರ್ಷದ ತನಕ ಬಾಡಿಗೆದಾರನಿಗಾಗಿ ಇಟ್ಟಿರಬೇಕು. ಅವನು ಬಂದು ಕೇಳಿದರೆ ಕೊಡಬೇಕು. ಬಾರದಿದ್ದರೆ ಮಾತ್ರ ಅದು ಜಿಲ್ಲೆಯ ಖಜಾನೆಗೆ ಸೇರುತ್ತದೆ.