ಟೆಟ್ರಿಸ್ ಒಂದೇ ಆಟವೇ?

ಒಂದು ವಿಡಿಯೋ ಗೇಮ್ ನಾಲ್ಕಾರು ಯಂತ್ರಗಳಲ್ಲಿ ಬಂದಾಗ ವಿಮರ್ಶಕರು ಒಂದೊಂದಕ್ಕೂ ಬೇರೆ ಅಂಕ ಕೊಡುತ್ತಾರೆ. ಆಮೇಲೆ ಅವನ್ನೆಲ್ಲ ಕೂಡಿಸಿ ಭಾಗಿಸಿ ಸರಾಸರಿ ತೆಗೆಯುವುದೂ ಉಂಟು. ಆಟ ಎಂದರೆ ಅದರ ನಿಯಮ, ಯಂತ್ರ ನೆಪ ಮಾತ್ರ ಎಂಬ ನಂಬಿಕೆ ಆ ಸರಾಸರಿಯ ಹಿಂದಿದೆ. ನನಗೆ ಅದು ತಪ್ಪೆನಿಸುತ್ತದೆ. ಟೆಟ್ರಿಸ್ ಅದಕ್ಕೆ ಸಾಕ್ಷಿ.

ನಿಯಮವನ್ನು ಎರಡೇ ಮಾತಿನಲ್ಲಿ ಹೇಳಬಹುದು. ನಾಲ್ಕು ಚೌಕಗಳ ಏಳು ಬಗೆಯ ತುಂಡುಗಳು ಮೇಲಿನಿಂದ ಇಳಿಯುತ್ತವೆ. ಅಡ್ಡಸಾಲು ತುಂಬಿದರೆ ಮಾಯ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೊವ್ ಇದನ್ನು ಬರೆದ ಎಲೆಕ್ಟ್ರಾನಿಕಾ 60 ಯಂತ್ರಕ್ಕೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಆವರಣ ಚಿಹ್ನೆಗಳನ್ನೇ ಜೋಡಿಸಿ ಅವರು ತುಂಡುಗಳನ್ನು ಮಾಡಿದರು. ಮೂಲಕ್ಕೆ ನಿಷ್ಠೆಯೇ ಅಳತೆಗೋಲಾದರೆ ಆಮೇಲಿನ ಬಣ್ಣದ ರೂಪಗಳೆಲ್ಲ ಅಪಭ್ರಂಶ ಎನ್ನಬೇಕಾಗುತ್ತದೆ.

ಹಾಗಾದರೆ ನಿಯಮವೇ ಆಟವೇ? ಚೌಕಾಬಾರದ ಮಟ್ಟಿಗೆ ಹೌದು. ಕವಡೆ ಬಿಟ್ಟು ಹುಣಸೆಬೀಜ ಹಿಡಿದರೂ, ಕಲ್ಲುಹಾಸು ಬಿಟ್ಟು ಸೀಮೆಸುಣ್ಣದ ಗೆರೆಯ ಮೇಲೆ ಆಡಿದರೂ ಆಟ ಅದೇ, ಏಕೆಂದರೆ ಯೋಚಿಸುವವರಿಗಾಗಿ ಅಲ್ಲಿ ಕಾಯಿ ಕಾಯುತ್ತದೆ. ಟೆಟ್ರಿಸ್‌ನ ತುಂಡು ಕಾಯುವುದಿಲ್ಲ. ಕಾಲ ಆಟದ ಒಳಗೇ ಇದೆ, ಆ ಕಾಲವನ್ನು ಕೊಡುವುದು ಯಂತ್ರ.

ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ ಎನ್‌ಇಎಸ್ ಯಂತ್ರಕ್ಕೆ 1989ರಲ್ಲಿ ಬಂದ ರೂಪವನ್ನು ನೋಡಿ. ಇಪ್ಪತ್ತು ಸಾಲಿನ ಅಂಕಣ. 29ನೆಯ ಹಂತದಲ್ಲಿ ತುಂಡು ಸೆಕೆಂಡಿಗೆ ಸುಮಾರು 60 ಸಾಲು ಇಳಿಯುತ್ತದೆ, ಅಂದರೆ ತಳ ಮುಟ್ಟಲು ಸೆಕೆಂಡಿನ ಮೂರನೆಯ ಒಂದು ಭಾಗ ಸಾಕು. ಗುಂಡಿ ಒತ್ತಿ ಹಿಡಿದರೆ ತುಂಡು ಗೋಡೆ ತಲುಪುವ ಮೊದಲೇ ತಳ ಸೇರುತ್ತದೆ. ಆಟ ಇಲ್ಲಿಗೆ ಮುಗಿಯಿತೆಂದು ವರ್ಷಗಟ್ಟಲೆ ನಂಬಲಾಗಿತ್ತು. ಆಮೇಲೆ ಆಟಗಾರರು ಗುಂಡಿಯನ್ನು ಹಿಡಿಯುವುದು ಬಿಟ್ಟು, ಬೆರಳನ್ನು ನಡುಗಿಸುತ್ತ ಬಡಿಯತೊಡಗಿದರು. ಅನಂತರ ಒಂದು ಬೆರಳನ್ನು ಗುಂಡಿಯ ಮೇಲಿಟ್ಟು, ಇನ್ನೊಂದು ಕೈಯ ಬೆರಳುಗಳಿಂದ ಕಂಟ್ರೋಲರ್‌ನ ಬೆನ್ನಿಗೆ ಸಾಲಾಗಿ ತಟ್ಟುವ ದಾರಿ ಕಂಡುಕೊಂಡರು. 2023ರ ಡಿಸೆಂಬರಿನಲ್ಲಿ 13 ವರ್ಷದ ಅಮೆರಿಕದ ಹುಡುಗನೊಬ್ಬ 157ನೆಯ ಹಂತದವರೆಗೆ ಹೋದ. ಕೊನೆಗೆ ನಿಂತುಹೋದದ್ದು ಪ್ರೋಗ್ರಾಮ್! ಅವನ ಜಾಣ್ಮೆಯ ಅರ್ಧ ಆ ಪ್ಲಾಸ್ಟಿಕ್ಕಿನ ಬೆನ್ನಿನ ಮೇಲಿತ್ತು. ನಿಯಮವನ್ನಷ್ಟೇ ಓದಿದವರಿಗೆ ಅದರ ಸುಳಿವೂ ಸಿಗದು.

ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಗೇಮ್ ಬಾಯ್ ಯಂತ್ರಕ್ಕೆ ಅದೇ 1989ರಲ್ಲಿ ಬಂದ ರೂಪದಲ್ಲಿ ಹದಿನೆಂಟೇ ಸಾಲು, ಪರದೆಯಲ್ಲಿ ಹಸಿರುಬೂದಿಯ ನಾಲ್ಕೇ ಛಾಯೆ. ಆದರೆ ಕೇಬಲ್ ಜೋಡಿಸಿದರೆ ಇಬ್ಬರು ಆಡಬಹುದಿತ್ತು. ಎನ್‌ಇಎಸ್‌ಗೆ ನಿಂಟೆಂಡೊ ಮಾಡಿದ ರೂಪದಲ್ಲಿ ಆ ಸೌಕರ್ಯವಿರಲಿಲ್ಲ. ಬಡ ಪರದೆ ಇಲ್ಲಿ ದೊಡ್ಡ ಆಟವನ್ನು ಕೊಟ್ಟಿತು.

2001ರ ಟೆಟ್ರಿಸ್ ವರ್ಲ್ಡ್ಸ್‌ನಲ್ಲಿ ತುಂಡನ್ನು ತಿರುಗಿಸುತ್ತಲೇ ಇದ್ದರೆ ಅದು ಕೂರುವುದೇ ಇಲ್ಲ. ಮೇಲೆ ಹೇಳಿದ ಎರಡು ಮಾತಿನ ನಿಯಮದಲ್ಲಿ ಒಂದಕ್ಷರವೂ ಬದಲಾಗಿಲ್ಲ, ಆದರೂ ಇದನ್ನು ಟೀಕಿಸಿದವರ ಮಾತು ಸರಿ ಎಂದೇ ನನ್ನ ನಿಲುವು. ಕಾಲದ ಒತ್ತಡ ತೆಗೆದ ಮೇಲೆ ಉಳಿಯುವುದು ಬೇರೆಯೇ ಆಟ.

90ರ ದಶಕದಲ್ಲಿ ನಮ್ಮೂರುಗಳಿಗೆ ಟೆಟ್ರಿಸ್ ಬಂದದ್ದು ‘9999 ಇನ್ 1’ ಎಂದು ಬರೆದ, ಪೆನ್ಸಿಲ್ ಸೆಲ್ಲಿನ ಬ್ರಿಕ್ ಗೇಮ್ ಆಗಿ. ಜಾತ್ರೆಯಲ್ಲಿ, ಫ್ಯಾನ್ಸಿ ಸ್ಟೋರಿನಲ್ಲಿ ಅದು ಸಿಗುತ್ತಿತ್ತು. ಅಂಕದ ಸರಾಸರಿಗಳಲ್ಲಿ ಅದಕ್ಕೆ ಜಾಗವಿಲ್ಲ. ಆದರೆ ಅದರ ರಬ್ಬರ್ ಗುಂಡಿ ಬೆರಳಿಗೆ ಹೇಗೆ ತಾಗುತ್ತಿತ್ತು, ವೇಗ ಏರಿದಾಗ ತುಂಡು ಹೇಗೆ ಜಿಗಿಜಿಗಿದು ಇಳಿಯುತ್ತಿತ್ತು ಎಂಬುದನ್ನು ಆಡಿದವರು ಹೇಳಬಲ್ಲರು. ಟೆಟ್ರಿಸ್‌ನ ವಿಮರ್ಶೆಯಲ್ಲಿ ಅವರ ಸಾಕ್ಷ್ಯವೂ ಸೇರಬೇಕು.