ತೆಗೆದಾಗ ತಿಳಿಯುವ ಸ್ವರ

ಬೇಸ್ ಗಿಟಾರ್ ಸಾಮಾನ್ಯವಾಗಿ ನಾಲ್ಕು ತಂತಿಗಳ ವಿದ್ಯುತ್ ವಾದ್ಯ. ಇ, ಎ, ಡಿ, ಜಿ ಎಂಬ ಅದರ ನಾಲ್ಕು ತಂತಿಗಳು ಗಿಟಾರಿನ ದಪ್ಪ ತಂತಿಗಳಿಗಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತವೆ. ಎಲ್ಲಕ್ಕಿಂತ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಈ ವಾದ್ಯದ ಅಭಿಮಾನಿಗಳ ನಡುವೆ ಮೂರು ಜಗಳಗಳು ಎಂದೂ ತೀರುವುದಿಲ್ಲ: ಯಾವ ವಾದ್ಯ ಉತ್ತಮ, ಯಾವ ವಾದಕರು ದೊಡ್ಡವರು, ಯಾವ ಬ್ಯಾಂಡಿನಲ್ಲಿ ಬೇಸ್‌ಗೆ ತಕ್ಕ ಸ್ಥಾನವಿದೆ. ಮೂರರ ಅಡಿಯಲ್ಲೂ ಒಂದೇ ಪ್ರಶ್ನೆ ಕೂತಿದೆ. ಬೇಸ್ ಗಿಟಾರನ್ನು ಬಿಡಿಯಾಗಿ ಕೇಳಲೆಂದು ನುಡಿಸುವವರು ಕಡಿಮೆ. ಹಾಗಿರುವಾಗ ಅದನ್ನು ಬಿಡಿಯಾಗಿ ತೂಗಲು ಆಗುತ್ತದೆಯೇ? ಇದಕ್ಕೆ ಉತ್ತರ ಹುಡುಕಬೇಕಾದರೆ ಹಾಡಿನೊಳಗೆ ಬೇಸ್ ಮಾಡುವ ಕೆಲಸವೇನು ಎಂಬಲ್ಲಿಂದ ಆರಂಭಿಸಬೇಕು.

ಮೊದಲ ಕೆಲಸ ಅರ್ಥ ಕೊಡುವುದು. ಕೀಬೋರ್ಡಿನಲ್ಲಿ ಸಿ, ಇ, ಜಿ ಎಂಬ ಮೂರು ಸ್ವರಗಳನ್ನು ಒಟ್ಟಿಗೆ ಒತ್ತಿದರೆ ಸಿ ಮೇಜರ್ ಸ್ವರಮೇಳ ಕೇಳುತ್ತದೆ. ಆ ಬೆರಳುಗಳು ಅಲ್ಲೇ ಇರುವಾಗ ಬೇಸ್ ಕೆಳಗಿನಿಂದ ಎ ಸ್ವರ ನುಡಿಸಿದರೆ ಅದೇ ಎ ಮೈನರ್ ಸೆವೆನ್ತ್ ಆಗುತ್ತದೆ. ಮೇಲೆ ಒಂದು ಬೆರಳೂ ಅಲುಗಿಲ್ಲ, ಆದರೂ ಹಾಡಿನ ಭಾವ ಬೇರೆ. ಕರ್ನಾಟಕ ಸಂಗೀತದ ಗ್ರಹಭೇದವನ್ನು ಬಲ್ಲವರಿಗೆ ಇದು ಹೊಸತಲ್ಲ. ಮೋಹನ ರಾಗದ ರಿಷಭವನ್ನೇ ಷಡ್ಜವೆಂದು ಹಿಡಿದರೆ ಅವೇ ಐದು ಸ್ವರಸ್ಥಾನಗಳು ಮಧ್ಯಮಾವತಿಯಾಗುತ್ತವೆ. ಗಾಂಧಾರವನ್ನು ಷಡ್ಜವಾಗಿಸಿದರೆ ಹಿಂದೋಳ. ಸ್ವರಗಳ ಅರ್ಥ ಅವುಗಳೊಳಗೆ ಇಲ್ಲ, ಅವು ನಿಂತ ನೆಲದಲ್ಲಿದೆ. ಕಛೇರಿಯಲ್ಲಿ ತಂಬೂರಿ ಆ ನೆಲವನ್ನು ಮೊದಲಿಂದ ಕೊನೆಯವರೆಗೆ ಕದಲದಂತೆ ಹಿಡಿದಿಡುತ್ತದೆ. ಬೇಸ್ ಗಿಟಾರ್ ಅದನ್ನು ಮಾತ್ರೆಮಾತ್ರೆಗೂ ಸರಿಸಬಲ್ಲದು.

ಎರಡನೆಯ ಕೆಲಸ ಕಾಲ ಕಾಯುವುದು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಎತ್ತರದ ಒಂದು ಸ್ವರ, ತಗ್ಗಿನ ಒಂದು ಸ್ವರ ಜೊತೆಯಾಗಿ ಮತ್ತೆ ಮತ್ತೆ ಕೇಳಿಬರುತ್ತಿದ್ದವು. ಆಗೊಮ್ಮೆ ಈಗೊಮ್ಮೆ ಎರಡರಲ್ಲಿ ಒಂದು 50 ಮಿಲಿಸೆಕೆಂಡ್ ಮುಂಚೆ ಬರುತ್ತಿತ್ತು. ತಗ್ಗಿನ ಸ್ವರ ಹೀಗೆ ತಪ್ಪಿದಾಗ ಮಿದುಳಿನ ಪ್ರತಿಕ್ರಿಯೆ ಹೆಚ್ಚು ಪ್ರಬಲವಾಗಿತ್ತು. ಎತ್ತರದ ಸ್ವರ ತುಸು ಆಚೀಚೆಯಾದರೆ ಕಿವಿ ಸೈರಿಸುತ್ತದೆ, ತಗ್ಗಿನ ಸ್ವರ ಜಾರಿದರೆ ಸೈರಿಸುವುದಿಲ್ಲ. ಗಿಟಾರ್ ವಾದಕರು ಅವಸರಪಟ್ಟರೆ ಅದು ಅವರೊಬ್ಬರ ಅವಸರ. ಬೇಸ್ ವಾದಕರು ಅವಸರಪಟ್ಟರೆ ಇಡೀ ಹಾಡೇ ಓಡುತ್ತದೆ.

ಮೂರನೆಯದು ಕೇಳುವಿಕೆಯ ವಿಚಿತ್ರಕ್ಕೆ ಸೇರಿದ್ದು. 41 ಹರ್ಟ್ಸ್‌ನ ನಾದವನ್ನು ಹೊರಡಿಸುವ ಶಕ್ತಿ ಮೊಬೈಲ್ ಫೋನಿನ ಪುಟ್ಟ ಸ್ಪೀಕರಿಗಿಲ್ಲ. ಆದರೂ ಅದರಲ್ಲಿ ಬೇಸ್‌ನ ಸಾಲನ್ನು ಗುರುತಿಸಿ ಗುನುಗಬಹುದು. ತಂತಿಯಿಂದ ಮೂಲಸ್ವರದ ಜೊತೆಗೆ ಹೊಮ್ಮುವ 82, 123, 164 ಹರ್ಟ್ಸ್‌ನಂಥ ಮೇಲಿನ ಅಂಶಸ್ವರಗಳಲ್ಲಿ ಸ್ಪೀಕರಿಗೆ ಎಟುಕಿದವನ್ನು ಹಿಡಿದು, ಇಲ್ಲದ ಮೂಲಸ್ವರವನ್ನು ಮಿದುಳೇ ಊಹಿಸಿಕೊಳ್ಳುತ್ತದೆ. ಚೆನ್ನಾಗಿ ಶ್ರುತಿಗೂಡಿಸಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಬರುತ್ತದೆ. ಅದಕ್ಕೆ ಸ್ವಯಂಭು ಗಾಂಧಾರವೆಂದು ಹೆಸರು. ಅಲ್ಲಿ ತಳದಿಂದ ಮೇಲಿನದು ಹುಟ್ಟಿದರೆ ಇಲ್ಲಿ ಮೇಲಿನದರಿಂದ ತಳ ಹುಟ್ಟುತ್ತದೆ. ಕಿವಿಗೆ ತಳ ಬೇಕೇ ಬೇಕು. ಸಿಗದಿದ್ದರೆ ಅದು ತಾನೇ ಕಟ್ಟಿಕೊಳ್ಳುತ್ತದೆ.

ಈ ಮೂರೂ ಕೆಲಸಗಳಿಗೆ ಸಾಮಾನ್ಯವಾದ ಒಂದು ಲಕ್ಷಣವಿದೆ: ಯಾವುದೂ ಬೇಸ್ ಒಂದರೊಳಗೇ ನಡೆಯುವಂಥದ್ದಲ್ಲ. ಅರ್ಥ ಬದಲಾಗುವುದು ಕೀಬೋರ್ಡಿನ ಸ್ವರಗಳದ್ದು, ಕಾಲ ನಿಲ್ಲುವುದು ಎಲ್ಲರದ್ದು, ತಳ ಕಟ್ಟಿಕೊಳ್ಳುವುದು ಕೇಳುಗರ ಕಿವಿ. ಅಭಿಮಾನಿಗಳ ತೀರ್ಪುಗಳನ್ನು ಈ ಬೆಳಕಿನಲ್ಲಿ ನೋಡಬೇಕು.

ಮೊದಲಿಗೆ ವಾದ್ಯ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ನೃತ್ಯತಂಡಗಳಲ್ಲಿ ತಗ್ಗಿನ ಸ್ವರಕ್ಕಿದ್ದದ್ದು ಆಳೆತ್ತರದ ಡಬಲ್ ಬೇಸ್. ಅದನ್ನು ಕಾರಿನಲ್ಲಿ ಸಾಗಿಸುವುದು ಕಷ್ಟ, ತುತ್ತೂರಿಗಳ ನಡುವೆ ಕೇಳಿಸುವುದು ಇನ್ನೂ ಕಷ್ಟ. ಸಿಯಾಟಲ್‌ನ ಪಾಲ್ ಟುಟ್‌ಮಾರ್ಕ್ 1930ರ ದಶಕದಲ್ಲೇ ಗಿಟಾರಿನಂತೆ ಅಡ್ಡ ಹಿಡಿದು ನುಡಿಸುವ ವಿದ್ಯುತ್ ಬೇಸ್ ಮಾಡಿದ್ದರು, ಆದರೆ ಅದು ಬಳಕೆಗೆ ಬರಲಿಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್ ನೆಲೆಯೂರಿತು. ಅದರ ಕುತ್ತಿಗೆಯ ಮೇಲೆ ವೀಣೆಯ ಮೆಟ್ಟುಗಳಂತೆ ಫ್ರೆಟ್‌ಗಳಿದ್ದವು. ಬೆರಳು ತುಸು ಹಿಂದೆಮುಂದಾದರೂ ಸ್ವರ ತಪ್ಪುತ್ತಿರಲಿಲ್ಲ. ‘ನಿಖರತೆ’ ಎಂಬ ಅರ್ಥದ ಆ ಹೆಸರು ಬಂದದ್ದು ಅದರಿಂದಲೇ. ಕಂಪಿಸುವ ತಂತಿಯ ಉದ್ದ 34 ಇಂಚು. ಇಂದಿಗೂ ಹೆಚ್ಚಿನ ಬೇಸ್ ಗಿಟಾರುಗಳಿಗೆ ಅದೇ ಅಳತೆ.

1960ರಲ್ಲಿ ಫೆಂಡರ್‌ನದೇ ಜಾಝ್ ಬೇಸ್ ಬಂತು. ಕುತ್ತಿಗೆ ಕಿರಿದು, ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಎರಡು, ನಾದ ಹೆಚ್ಚು ಸ್ಪಷ್ಟ. ಪ್ರಿಸಿಷನ್ ಮೇಲೋ ಜಾಝ್ ಮೇಲೋ ಎಂಬ ವಾದಕ್ಕೆ ಅಂದಿನಿಂದ ಬಿಡುವಿಲ್ಲ. ಇದರ ಜೊತೆಗೆ ಮರದ ಜಾತಿ, ತಯಾರಾದ ವರ್ಷ, ತಂತಿಯ ಬಗೆ ಇವುಗಳ ಚರ್ಚೆಯೂ ಸೇರಿಕೊಳ್ಳುತ್ತದೆ. ಆದರೆ ಇತಿಹಾಸ ಈ ತೀರ್ಪುಗಳಿಗೆ ಅಷ್ಟಾಗಿ ಬೆಂಬಲ ಕೊಡುವುದಿಲ್ಲ. 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಪಾಲ್ ಮೆಕಾರ್ಟ್ನಿ ಪಿಟೀಲಿನಾಕಾರದ ಹೋಫ್ನರ್ ಬೇಸ್ ಕೊಂಡರು. ಅದರ ಬೆಲೆ ಫೆಂಡರಿಗಿಂತ ಬಹಳ ಕಡಿಮೆ. ಜೊತೆಗೆ ಎರಡೂ ಬದಿ ಒಂದೇ ತೆರನಾಗಿದ್ದರಿಂದ ಎಡಗೈಯವರ ತೋಳಿನಲ್ಲೂ ಅದು ವಿಕಾರವಾಗಿ ಕಾಣುತ್ತಿರಲಿಲ್ಲ. ಗಿಡ್ಡ ತಂತಿಯ, ಹಗುರ ಒಡಲಿನ ಆ ವಾದ್ಯ ಬೀಟಲ್ಸ್ ಹಾಡುಗಳಿಗೆ ಹೇಳಿ ಮಾಡಿಸಿದಂತೆ ಹೊಂದಿತು. ಮಾರುಕಟ್ಟೆಯ ತಕ್ಕಡಿಯಲ್ಲಿ ಕಡಿಮೆ ತೂಗಿದ್ದು ಹಾಡಿನ ತಕ್ಕಡಿಯಲ್ಲಿ ಸಮವಾಗಿ ತೂಗಿತು. ವಾದ್ಯದ ಒಳಿತು ವಾದ್ಯದ ಮರದಲ್ಲಷ್ಟೇ ಇಲ್ಲ, ಅದು ಯಾವ ಸದ್ದುಗಳ ನಡುವೆ ಕೂರಬೇಕೋ ಅವುಗಳೊಂದಿಗಿನ ಹೊಂದಿಕೆಯಲ್ಲಿದೆ.

ಇದು ಹೇಗೆಂಬುದನ್ನು ಒಂದೇ ವಾದ್ಯವನ್ನು ಹತ್ತಿರದಿಂದ ನೋಡಿ ತಿಳಿಯಬಹುದು. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ನುಡಿಸುತ್ತಿದ್ದದ್ದು 1962ರ ಪ್ರಿಸಿಷನ್ ಬೇಸ್. ತಂತಿಗಳು ಹೊರಮೈ ನುಣುಪಾದ ಚಪ್ಪಟೆ ಸುತ್ತಿನವು. ಮೇಲೆದ್ದು ನಿಂತ ಅವನ್ನು ಒತ್ತಲು ಬೆರಳಿಗೆ ಬಲ ಬೇಕಿತ್ತು. ಹಳತಾದವೆಂದು ಅವನ್ನು ಬದಲಿಸುವ ಅಭ್ಯಾಸವೂ ಅವರಿಗಿರಲಿಲ್ಲ. ಡಬಲ್ ಬೇಸ್ ಕಲಿತ ಬಲಗೈಯ ತೋರುಬೆರಳೊಂದರಿಂದಲೇ ಎಲ್ಲವನ್ನೂ ಮೀಟುತ್ತಿದ್ದರು. ಹೊಸ ತಂತಿಯ ಮಿಂಚು, ಹಲವು ಬೆರಳುಗಳ ವೇಗ, ಹಗುರ ಸ್ಪರ್ಶ ಎಂದು ಪಟ್ಟಿ ಮಾಡಿಟ್ಟ ಗುಣಗಳಲ್ಲಿ ಒಂದೂ ಇಲ್ಲಿಲ್ಲ. ಆದರೆ ಮಂಕಾದ, ಬೇಗ ಆರುವ, ದುಂಡನೆಯ ಆ ನಾದ ಗಾಯಕರ ದನಿಯನ್ನಾಗಲಿ ತಂಬೊರಿನ್‌ನ ಝಣಝಣವನ್ನಾಗಲಿ ಮುಚ್ಚುತ್ತಿರಲಿಲ್ಲ. ಆದ್ದರಿಂದಲೇ ಅದರೊಳಗೆ ಹೆಚ್ಚು ಸ್ವರಗಳನ್ನು ತುಂಬಲು, ಲಯವನ್ನು ಒಡೆದು ಜೋಡಿಸಲು ಅವರಿಗೆ ಅವಕಾಶ ಸಿಕ್ಕಿತು.

ವಾದಕರ ವಿಷಯಕ್ಕೆ ಬಂದರೆ ಅಭಿಮಾನಿಗಳಲ್ಲಿ ಎರಡು ಪಕ್ಷಗಳು. ‘ಕೇಳಿಸದಿರುವವರೇ ಒಳ್ಳೆಯ ಬೇಸ್ ವಾದಕರು’ ಎಂಬುದು ಒಂದು. ಬೇಸ್‌ಗೂ ಮುಂದೆ ಬಂದು ಹಾಡುವ ಹಕ್ಕಿದೆ ಎಂಬುದು ಇನ್ನೊಂದು. ಎರಡನೆಯ ಪಕ್ಷದ ಬಳಿ ಬಲವಾದ ಸಾಕ್ಷಿಗಳಿವೆ. ದಿ ಹೂ ತಂಡದ 1965ರ ‘ಮೈ ಜನರೇಷನ್’ ಹಾಡಿನಲ್ಲಿ ಗಿಟಾರಿನ ಏಕವಾದನ ಬರಬೇಕಾದ ಜಾಗದಲ್ಲಿ ಜಾನ್ ಎಂಟ್‌ವಿಸಲ್ ಬೇಸ್ ನುಡಿಸಿದರು. ಜಾಕೋ ಪಸ್ಟೋರಿಯಸ್ ಫ್ರೆಟ್‌ಗಳಿಲ್ಲದ ಜಾಝ್ ಬೇಸಿನ ಕುತ್ತಿಗೆಗೆ ದೋಣಿಗಳಿಗೆ ಬಳಿಯುವ ಎಪಾಕ್ಸಿ ಬಳಿದು, ಬೇಸ್‌ಗೆ ಮನುಷ್ಯಕಂಠದ ಜಾರುದನಿ ತಂದರು. 1976ರ ಅವರ ಮೊದಲ ಆಲ್ಬಂ ಬಂದ ಮೇಲೆ ಬೇಸ್ ಹಿಂದಿನ ಸಾಲಿನ ವಾದ್ಯ ಎಂಬ ಮಾತು ಸಡಿಲವಾಯಿತು.

ಹಾಗಾದರೆ ಮೊದಲ ಪಕ್ಷ ಸೋತಿತೇ? ಅದೇ 1976ರಲ್ಲಿ ಬಂದ ಜೋನಿ ಮಿಚೆಲ್‌ರ ‘ಹೆಜೀರಾ’ ಆಲ್ಬಂ ಇದಕ್ಕೆ ಉತ್ತರ. ಅದರ ಕೆಲವು ಹಾಡುಗಳಲ್ಲಿ ಪಸ್ಟೋರಿಯಸ್‌ರ ಬೇಸ್ ಗಾಯಕಿಯೊಂದಿಗೆ ಸಂವಾದಕ್ಕಿಳಿಯುತ್ತದೆ: ದನಿ ನಿಂತಲ್ಲಿ ಮಾತಾಡುತ್ತದೆ, ದನಿ ಏಳುವಾಗ ಸರಿದು ನಿಲ್ಲುತ್ತದೆ. ಕೇಳುಗರ ಗಮನ ಬೇಸ್ ಕಡೆ ಹೋಗುತ್ತದೆ ನಿಜ, ಆದರೆ ಹಾಡು ಕೈತಪ್ಪುವುದಿಲ್ಲ. ಲ್ಯಾರಿ ಗ್ರಹಾಂ ಅವರ ಕಥೆಯೂ ಅಂಥದ್ದೇ. ತಾಯಿಯೊಂದಿಗೆ ನುಡಿಸುತ್ತಿದ್ದ ತಂಡದಲ್ಲಿ ಡ್ರಮ್ಸ್ ಇಲ್ಲದಾದಾಗ, ಅವರು ಹೆಬ್ಬೆರಳಿನಿಂದ ತಂತಿಗೆ ಬಡಿದು ದೊಡ್ಡ ಡ್ರಮ್ಮಿನ ಸದ್ದನ್ನೂ, ಇನ್ನೊಂದು ಬೆರಳಿನಿಂದ ತಂತಿ ಎಳೆದು ಬಿಟ್ಟು ಸ್ನೇರ್ ಡ್ರಮ್ಮಿನ ಸದ್ದನ್ನೂ ತುಂಬಿದರು. ಇಂದು ಚಮತ್ಕಾರದ ಪ್ರದರ್ಶನವಾಗಿರುವ ‘ಸ್ಲ್ಯಾಪ್’ ಹುಟ್ಟಿದ್ದು ಒಂದು ಕೊರತೆ ತುಂಬಲು. ಆದ್ದರಿಂದ ಕೇಳಿಸಬೇಕೋ ಬೇಡವೋ ಎಂಬ ಪ್ರಶ್ನೆಯೇ ಸರಿಯಿಲ್ಲ. ಹಾಡು ಏನನ್ನು ಬೇಡುತ್ತಿದೆ ಎಂಬುದನ್ನು ವಾದಕರು ಕೇಳಿಸಿಕೊಂಡರೇ ಎಂಬುದು ಸರಿಯಾದ ಪ್ರಶ್ನೆ.

ಬ್ಯಾಂಡುಗಳನ್ನು ತೂಗುವಾಗಲೂ ಇದೇ ಅಳತೆ ಕೆಲಸಕ್ಕೆ ಬರುತ್ತದೆ. ಜಮೈಕಾದ ರೆಗೆ ಸಂಗೀತದಲ್ಲಿ ಗಿಟಾರ್ ಎದುರು ಪೆಟ್ಟಿನಲ್ಲಿ ಸಣ್ಣಗೆ ಕೆರೆದು ಸುಮ್ಮನಾಗುತ್ತದೆ, ‘ವನ್ ಡ್ರಾಪ್’ ಲಯದಲ್ಲಿ ಡ್ರಮ್ಸ್ ಮೊದಲ ಪೆಟ್ಟನ್ನೇ ಬಿಟ್ಟುಕೊಡುತ್ತದೆ. ಹಾಗೆ ತೆರವಾದ ಬಯಲಿನಲ್ಲಿ ವೇಲರ್ಸ್ ತಂಡದ ಆಸ್ಟನ್ ಬ್ಯಾರೆಟ್ ಅವರ ಬೇಸ್ ಹಾಡಿನ ಎರಡನೆಯ ರಾಗಸಾಲಾಗಿ ನಡೆಯುತ್ತದೆ. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ ಐರನ್ ಮೇಡನ್ ತಂಡವನ್ನು ಕಟ್ಟಿದವರೇ ಬೇಸ್ ವಾದಕ ಸ್ಟೀವ್ ಹ್ಯಾರಿಸ್. ಅಲ್ಲಿ ಬೇಸ್‌ನ ಕುದುರೆಯೋಟದ ಮೇಲೆ ಗಿಟಾರುಗಳು ಸವಾರಿ ಮಾಡುತ್ತವೆ. ಈ ಎರಡು ತಂಡಗಳ ಸಂಗೀತಕ್ಕೆ ಏನೂ ಹೋಲಿಕೆಯಿಲ್ಲ. ಎರಡರಲ್ಲೂ ಉಳಿದವರು ಬೇಸ್‌ಗೆ ಜಾಗ ಬಿಟ್ಟಿದ್ದಾರೆ ಎಂಬುದೊಂದೇ ಸಮಾನ.

ಜಾಗ ಬಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೆಟಾಲಿಕಾ ತಂಡದ 1988ರ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ ಪ್ರಸಿದ್ಧ ಉದಾಹರಣೆ. ಬೇಸ್ ವಾದಕ ಕ್ಲಿಫ್ ಬರ್ಟನ್ 1986ರಲ್ಲಿ ಸ್ವೀಡನ್‌ನ ಬಸ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಜೇಸನ್ ನ್ಯೂಸ್ಟೆಡ್ ತಂಡ ಸೇರಿದರು. ಆದರೆ ಆ ಆಲ್ಬಂನಲ್ಲಿ ಅವರ ಬೇಸ್ ಬಹುಪಾಲು ಕೇಳಿಸುವುದೇ ಇಲ್ಲ. ಅಭಿಮಾನಿಗಳ ಪಾಲಿಗೆ ಇದು ಪ್ರಯೋಗಶಾಲೆಯ ಪರೀಕ್ಷೆಯಂತಾಯಿತು. ಗಿಟಾರುಗಳು ಹರಿತವಾಗಿವೆ, ಡ್ರಮ್ಸ್ ಟಕಟಕನೆ ಬಡಿಯುತ್ತದೆ, ಆದರೆ ಎರಡನ್ನೂ ಬೆಸೆಯುವ ನಡುವಿನ ಮಾಂಸವಿಲ್ಲ. ಇದ್ದಾಗ ಲಕ್ಷ್ಯಕ್ಕೆ ಬಾರದ್ದು ಇಲ್ಲದಾಗ ಹೆಸರು ಹಿಡಿದು ಕೂಗುತ್ತದೆ. ‘ತೆಗೆದು ನೋಡು’ ಎಂಬ ಈ ಪರೀಕ್ಷೆಯೇ ಬೇಸ್‌ನ ನಿಜವಾದ ಅಳತೆಗೋಲು ಎಂದು ಹಲವರು ಹೇಳುತ್ತಾರೆ.

ಈ ಅಳತೆಗೋಲಿಗೂ ಒಂದು ತೊಡಕಿದೆ. ಗಾಯಕ ಪ್ರಿನ್ಸ್ 1984ರಲ್ಲಿ ‘ವೆನ್ ಡವ್ಸ್ ಕ್ರೈ’ ಹಾಡಿಗೆ ನುಡಿಸಿದ್ದ ಬೇಸನ್ನು ಬೇಕೆಂದೇ ತೆಗೆದುಹಾಕಿದರು. ಹಾಡು ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಡೋರ್ಸ್ ತಂಡದಲ್ಲಿ ಬೇಸ್ ವಾದಕರೇ ಇರಲಿಲ್ಲ. ವೇದಿಕೆಯಲ್ಲಿ ರೇ ಮಂಜಾರೆಕ್ ಎಡಗೈಯಲ್ಲಿ ಪಿಯಾನೋ ಬೇಸ್ ಎಂಬ ಕೀಬೋರ್ಡ್ ನುಡಿಸುತ್ತಿದ್ದರು. ಬೇಸ್ ಅಷ್ಟು ಅನಿವಾರ್ಯವಾದರೆ ಇವು ಹೇಗೆ ಸಾಧ್ಯ? ಎರಡು ಉದಾಹರಣೆಗಳನ್ನು ಬಿಡಿಸಿ ನೋಡಬೇಕು. ಡೋರ್ಸ್ ಬಿಟ್ಟದ್ದು ವಾದ್ಯವನ್ನು, ಅದರ ಕೆಲಸವನ್ನಲ್ಲ. ಪ್ರಿನ್ಸ್ ಬಿಟ್ಟದ್ದು ಕೆಲಸವನ್ನೇ. ಆದರೆ ಅವರು ಹಾಗೆ ಮಾಡಿದ್ದು ತಬ್ಬಲಿತನದ ಹಾಡಿನಲ್ಲಿ, ಕಾಲಡಿಯ ನೆಲ ಕುಸಿದ ಅನುಭವ ಬೇಕಾದಲ್ಲಿ. ಕಿವಿ ತಳಕ್ಕಾಗಿ ತಡಕಾಡುತ್ತದೆ ಎಂಬುದನ್ನು ಬಲ್ಲವರಿಗೆ ಮಾತ್ರ ಆ ಖಾಲಿತನವನ್ನು ಬಳಸಲು ಬರುತ್ತದೆ. ಆದ್ದರಿಂದ ಪರೀಕ್ಷೆಯನ್ನು ಹೀಗೆ ತಿದ್ದಬೇಕು: ಬೇಸ್ ತೆಗೆದಾಗ ಹಾಡು ಕೆಡುತ್ತದೆಯೇ ಎಂದಲ್ಲ, ಹಾಡು ಬೇರೆಯದಾಗುತ್ತದೆಯೇ ಎಂದು ಕೇಳಬೇಕು. ತೆಗೆದರೂ ಅದೇ ಹಾಡಾಗಿ ಉಳಿದರೆ ಅಲ್ಲಿ ಬೇಸ್ ಎಷ್ಟು ವೇಗವಾಗಿ ನುಡಿದರೂ ಅಲಂಕಾರವಷ್ಟೇ.

ಇಷ್ಟಾದ ಮೇಲೂ ಒಂದು ನೈತಿಕ ಪ್ರಶ್ನೆ ಉಳಿಯುತ್ತದೆ. ಬೇಸ್‌ನ ಮೌಲ್ಯ ಕೂಟದ್ದು ಎಂದಾದರೆ, ನುಡಿಸಿದವರ ಹೆಸರು ಯಾಕೆ ಬೇಕು? 1960ರ ದಶಕದಲ್ಲಿ ಮೋಟೌನ್ ಮುದ್ರಿಕೆಗಳು ಹಿನ್ನೆಲೆ ವಾದಕರ ಹೆಸರಿಲ್ಲದೆಯೇ ಹೊರಬರುತ್ತಿದ್ದವು. 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಂನ ಹೊದಿಕೆಯಲ್ಲಿ ಜೇಮರ್ಸನ್‌ರ ಹೆಸರು ಅಚ್ಚಾಯಿತು. ಅವರು 1983ರಲ್ಲಿ ತೀರಿಕೊಂಡರು. ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ನ ಗೌರವ ಸಿಕ್ಕಿದ್ದು 2000ದಲ್ಲಿ. ದಾಖಲೆಯಿಲ್ಲದ ಆ ಕಾಲದ ಕೆಲವು ಹಾಡುಗಳನ್ನು ಜೇಮರ್ಸನ್ ನುಡಿಸಿದರೋ ಲಾಸ್ ಏಂಜಲಿಸ್‌ನ ಕ್ಯಾರಲ್ ಕೇ ನುಡಿಸಿದರೋ ಎಂಬ ವಿವಾದ ದಶಕಗಳ ಕಾಲ ನಡೆಯಿತು. ಕನ್ನಡ ಕೇಳುಗರಿಗೂ ಈ ಮರೆವು ಅಪರಿಚಿತವಲ್ಲ. ಇಳಯರಾಜ ಸಂಗೀತದ ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡವರಿಗೆ ಗಾಯಕರು, ಕವಿ, ನಟರು ಗೊತ್ತು. ಬೇಸ್ ಮೀಟಿದ ಬೆರಳು ಯಾರದೆಂದು ಹೇಳಬಲ್ಲವರು ವಿರಳ.

ಇಲ್ಲಿ ಎರಡು ಸಂಗತಿಗಳನ್ನು ಬೆರೆಸಬಾರದು. ಬೇಸ್ ಹಾಡಿನಲ್ಲಿ ಕರಗುವುದು ಒಂದು ಕಲೆ. ವಾದಕರನ್ನು ಹೆಸರಿಲ್ಲದಂತೆ ಮಾಡುವುದು ಒಂದು ವ್ಯವಸ್ಥೆ. ಮೊದಲನೆಯದನ್ನು ಹೊಗಳುವ ಮಾತು ಎರಡನೆಯದಕ್ಕೆ ನೆಪವಾಗುವುದು ಸುಲಭ. ಕರಗುವ ಕೆಲಸಕ್ಕೆ ಬೇರೆಲ್ಲಕ್ಕಿಂತ ಹೆಚ್ಚಾಗಿ ಬರಹದ ದಾಖಲೆ ಬೇಕು, ಯಾಕೆಂದರೆ ಎದುರು ನಿಂತು ಹಾಡುವವರ ಗುರುತನ್ನು ದನಿಯೇ ಹೇಳುತ್ತದೆ, ಕರಗಿದವರ ಗುರುತು ಹೇಳಲು ಹಾಡಿನೊಳಗೆ ಏನೂ ಉಳಿದಿರುವುದಿಲ್ಲ. ಅಭಿಮಾನಿಗಳ ಮುಗಿಯದ ಜಗಳಗಳಿಗೆ ಸಮರ್ಥನೆ ಇರುವುದೂ ಇಲ್ಲೇ. ಯಾವ ವಾದ್ಯ, ಯಾವ ವರ್ಷ, ಯಾರ ಬೆರಳು ಎಂದು ಅವರು ಹಟದಿಂದ ವಿಚಾರಿಸುವಾಗ ಶ್ರೇಷ್ಠತೆಯ ಪಟ್ಟಿ ಇತ್ಯರ್ಥವಾಗದಿದ್ದರೂ, ಹೊದಿಕೆಯ ಮೇಲೆ ಅಚ್ಚಾಗದೆ ಹೋದ ಹೆಸರುಗಳು ಒಂದೊಂದಾಗಿ ಸಿಗುತ್ತವೆ.