ಹೆಸರಿನ ವಾರಸುದಾರರು

2000ನೇ ಇಸವಿಯ ಜನಗಣತಿಯಲ್ಲಿ ವಾಷಿಂಗ್ಟನ್ ಎಂಬ ಮನೆತನದ ಹೆಸರು ಬರೆಸಿದ ಅಮೆರಿಕನ್ನರು 1,63,036 ಮಂದಿ. ಅವರಲ್ಲಿ ಶೇಕಡಾ 90ರಷ್ಟು ಆಫ್ರಿಕಾ ಮೂಲದ ಕಪ್ಪು ಜನ. ಬಿಳಿಯರು ಶೇಕಡಾ 5ರ ಆಸುಪಾಸು. ಆ ದೇಶದಲ್ಲಿ ಹೆಚ್ಚು ಬಳಕೆಯಲ್ಲಿರುವ ಹೆಸರುಗಳಲ್ಲಿ ಇಷ್ಟು ದೊಡ್ಡ ಪಾಲು ಕಪ್ಪು ಜನರದ್ದಾಗಿರುವ ಹೆಸರು ಇನ್ನೊಂದಿಲ್ಲ. ಎರಡನೆಯದು ಜೆಫರ್ಸನ್, ಶೇಕಡಾ 75. ಇಬ್ಬರೂ ಅಧ್ಯಕ್ಷರಾಗಿದ್ದವರು, ಇಬ್ಬರೂ ನೂರಾರು ಗುಲಾಮರನ್ನು ಇಟ್ಟುಕೊಂಡಿದ್ದವರು. ಗುಲಾಮಗಿರಿಯನ್ನು ತೊಡೆದುಹಾಕಿದ ಲಿಂಕನ್ ಹೆಸರಿನವರಲ್ಲಿ ಕಪ್ಪು ಜನ ಶೇಕಡಾ 14 ಮಾತ್ರ.

ಈ ಅಂಕಿಗಳನ್ನು ಓದಿದ ಮೇಲೆ ಅವು ನನ್ನನ್ನು ಬಿಟ್ಟಿಲ್ಲ. ಇಂಗ್ಲೆಂಡಿನ ಒಂದು ಜಮೀನ್ದಾರಿ ಮನೆತನದ ಹೆಸರು ಎಂಟು ಶತಮಾನ ಸಾಗಿ ಬಂದು, ಕೊನೆಗೆ ಹೆಸರೇ ಇಲ್ಲದವರೆಂದು ಲೆಕ್ಕಪುಸ್ತಕಗಳು ಬಗೆದ ಜನರ ಮಕ್ಕಳು ಮೊಮ್ಮಕ್ಕಳಲ್ಲಿ ನೆಲೆಸಿದೆ. ಇದು ಹೇಗಾಯಿತು ಎಂದು ಹುಡುಕುತ್ತ ಹೋದರೆ, ಹೆಸರು ಯಾರ ಸೊತ್ತು ಎಂಬ ಪ್ರಶ್ನೆಯೇ ಬೇರೆ ರೂಪದಲ್ಲಿ ಎದುರು ನಿಲ್ಲುತ್ತದೆ.

ವಾಷಿಂಗ್ಟನ್ ಎಂಬ ಊರು ಇರುವುದು ಇಂಗ್ಲೆಂಡಿನ ಈಶಾನ್ಯದಲ್ಲಿ, ವೇರ್ ನದಿಯ ಹತ್ತಿರ. ಮೊದಲು ಡರಮ್ ಕೌಂಟಿಗೆ ಸೇರಿತ್ತು. ಹಳೆಯ ಇಂಗ್ಲಿಷಿನಲ್ಲಿ ಆ ಹೆಸರಿಗೆ ವಸ್ಸ ಎಂಬಂಥ ಹೆಸರಿನವನೊಬ್ಬನ ಕಡೆಯವರ ಜಮೀನು ಎಂಬ ಅರ್ಥವನ್ನು ವಿದ್ವಾಂಸರು ಹೇಳುತ್ತಾರೆ. 1183ರಲ್ಲಿ ಡರಮ್‌ನ ಬಿಷಪ್ ತನ್ನ ಹಿಡುವಳಿಗಳ ಲೆಕ್ಕ ಬರೆಸಿದ. ಬೋಲ್ಡನ್ ಬುಕ್ ಎಂದು ಹೆಸರಾದ ಆ ದಾಖಲೆಯಲ್ಲಿ ಹರ್ಟ್‌ಬರ್ನ್ ಊರಿನ ವಿಲಿಯಂ ಎಂಬಾತ ಕಾಣಿಸಿಕೊಳ್ಳುತ್ತಾನೆ. ಅವನು ತನ್ನ ಹರ್ಟ್‌ಬರ್ನ್ ಹಳ್ಳಿಯನ್ನು ಬಿಟ್ಟುಕೊಟ್ಟು ಅದಕ್ಕೆ ಬದಲಾಗಿ ಈ ಹಳ್ಳಿಯನ್ನು ಪಡೆದಿದ್ದ. ಅಲ್ಲಿಯವರೆಗೆ ಹರ್ಟ್‌ಬರ್ನಿನ ವಿಲಿಯಂ ಆಗಿದ್ದವನು ಮುಂದೆ ವೆಸ್ಸಿಂಗ್ಟನ್ನಿನ ವಿಲಿಯಂ ಆದ. ಈ ವಾಷಿಂಗ್ಟನ್ ಮನೆತನದ ಹೆಸರಿನ ಕಥೆ ಈ ಅದಲುಬದಲಿನಿಂದ ಶುರುವಾಗುತ್ತದೆ.

ನಮ್ಮ ಉತ್ತರ ಕರ್ನಾಟಕದ ಹಾನಗಲ್, ಬಾದಾಮಿ, ಹುಬ್ಬಳ್ಳಿ ಎಂಬ ಅಡ್ಡಹೆಸರುಗಳನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಊರು ಬಿಟ್ಟವನಿಗೆ ಊರಿನ ಹೆಸರು ಅಂಟಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ 12ರಿಂದ 14ನೇ ಶತಮಾನದ ನಡುವೆ ಇಂಥ ಹೆಸರುಗಳು ತಂದೆಯಿಂದ ಮಗನಿಗೆ ಸಾಗುವ ಸ್ಥಿರ ಹೆಸರುಗಳಾದವು. ಜಮೀನು ಉಳ್ಳವರಲ್ಲಿ ಮೊದಲು, ದುಡಿಯುವವರಲ್ಲಿ ಆಮೇಲೆ. ಆಸ್ತಿ ಇದ್ದವನಿಗೆ ಅದನ್ನು ಮಗನಿಗೆ ದಾಟಿಸಲು ಹೆಸರಿನ ಆಸರೆ ಬೇಕಿತ್ತು. ವಿಲಿಯಂ ಮಟ್ಟಿಗೆ ನಾನು ಗಮನಿಸುವುದು ಇಷ್ಟು: ಅವನಿಗೂ ಆ ಹೆಸರು ಹುಟ್ಟಿನಿಂದ ಬಂದದ್ದಲ್ಲ. ಒಂದು ಹೆಸರನ್ನು ಕಳಚಿಟ್ಟು ಇನ್ನೊಂದನ್ನು ತೊಟ್ಟವನು ಅವನು. ಆ ಊರಿನ ಮೂಲಪುರುಷ ವಸ್ಸನಿಗೂ ಅವನಿಗೂ ಯಾವ ನಂಟೂ ಇರಲಿಲ್ಲ.

ಮುಂದಿನ ಶತಮಾನಗಳನ್ನು ಬೇಗ ದಾಟಬಹುದು. ವಂಶದ ಒಂದು ಕವಲು ದಕ್ಷಿಣಕ್ಕೆ ಇಳಿಯಿತು. ಉಣ್ಣೆ ವ್ಯಾಪಾರಿಯಾಗಿ, ನಾರ್ತ್‌ಹ್ಯಾಂಪ್ಟನ್ ಪಟ್ಟಣದ ಮೇಯರ್ ಆಗಿ ಬಾಳಿದ ಲಾರೆನ್ಸ್ ವಾಷಿಂಗ್ಟನ್, ಎಂಟನೇ ಹೆನ್ರಿ ಮಠಗಳ ಆಸ್ತಿಯನ್ನು ವಶಪಡಿಸಿಕೊಂಡು ಮಾರಿದಾಗ, 1539ರಲ್ಲಿ ಸಲ್‌ಗ್ರೇವ್ ಎಂಬಲ್ಲಿನ ಜಮೀನು ಕೊಂಡ. ಅದೇ ಕವಲಿನ ಇನ್ನೊಬ್ಬ ಲಾರೆನ್ಸ್ ಎಸೆಕ್ಸಿನ ಪರ್ಲಿ ಎಂಬ ಹಳ್ಳಿಯಲ್ಲಿ ಪಾದ್ರಿಯಾಗಿದ್ದ. ಅಂತರ್ಯುದ್ಧದ ಕಾಲದಲ್ಲಿ, 1643ರಲ್ಲಿ, ಪ್ಯೂರಿಟನ್ನರು ಅವನ ಮೇಲೆ ಕುಡುಕತನದ ಆರೋಪ ಹೊರಿಸಿ ಕೆಲಸದಿಂದ ತೆಗೆದರು. ಮನೆತನದ ಸ್ಥಿತಿ ಕುಸಿಯಿತು. ಅವನ ಮಗ ಜಾನ್ 1650ರ ದಶಕದಲ್ಲಿ ಹಡಗೇರಿ ವರ್ಜೀನಿಯಾಕ್ಕೆ ಬಂದು, ಅಲ್ಲೇ ಮದುವೆಯಾಗಿ ನಿಂತ. ಅವನ ಮರಿಮಗ ಜಾರ್ಜ್, 1732ರಲ್ಲಿ ಹುಟ್ಟಿದವನು.

ತಂದೆ ತೀರಿಕೊಂಡಾಗ ಜಾರ್ಜ್‌ಗೆ 11 ವರ್ಷ. ಪಿತ್ರಾರ್ಜಿತವಾಗಿ ಬಂದದ್ದರಲ್ಲಿ 10 ಮಂದಿ ಗುಲಾಮರೂ ಇದ್ದರು. ಮುಂದೆ ಅವನ ಹೆಸರನ್ನು ಒಂದು ದೇಶ ತನ್ನ ರಾಜಧಾನಿಗೆ ಇಟ್ಟುಕೊಂಡಿತು. ಆದರೆ ಅವನಿಗೆ ಸ್ವಂತ ಮಕ್ಕಳಿರಲಿಲ್ಲ. ಆ ಹೆಸರು ಅಮೆರಿಕದ ಬಿಳಿಯರಲ್ಲಿ ಅವನ ಸಂತತಿಯ ಮೂಲಕ ಹಬ್ಬಲಿಲ್ಲ, ಹಬ್ಬುವಂತೆಯೂ ಇರಲಿಲ್ಲ.

ಸಾಯುವ ವರ್ಷ, 1799ರಲ್ಲಿ, ಅವನು ತನ್ನ ತೋಟ ಮೌಂಟ್ ವರ್ನನ್ನಿನ ಗುಲಾಮರ ಪಟ್ಟಿಯೊಂದನ್ನು ಸ್ವತಃ ಬರೆದ. ಐದು ಹೊಲಮನೆಗಳಲ್ಲಿ ಒಟ್ಟು 317 ಮಂದಿ. ಅವರಲ್ಲಿ 123 ಮಂದಿ ಅವನ ಸ್ವಂತ ಸೊತ್ತು, 153 ಮಂದಿ ಹೆಂಡತಿ ಮಾರ್ಥಾಳ ಮೊದಲ ಗಂಡನ ಆಸ್ತಿಗೆ ಸೇರಿದವರು, ಉಳಿದವರು ಬಾಡಿಗೆಗೆ ತಂದವರು. ಯಾರ ಗಂಡ ಯಾವ ಹೊಲದಲ್ಲಿದ್ದಾನೆ, ಯಾರ ಹೆಂಡತಿ ಇನ್ನೊಬ್ಬ ಯಜಮಾನನ ಬಳಿ ಇದ್ದಾಳೆ ಎಂದೆಲ್ಲ ಬಲು ಎಚ್ಚರಿಕೆಯಿಂದ ಬರೆದಿದ್ದಾನೆ. ಬಹುತೇಕ ಎಲ್ಲರಿಗೂ ಇರುವುದು ಒಂದೇ ಹೆಸರು. ಒಂದೇ ಹೆಸರಿನ ಇಬ್ಬರಿದ್ದರೆ ಕಸುಬಿನಿಂದಲೋ ಹೊಲದಿಂದಲೋ ಬೇರೆ ಮಾಡಿ ತಿಳಿಯಬೇಕು. ಉಯಿಲಿನಲ್ಲಿ ತನ್ನ 123 ಮಂದಿಯನ್ನು ಮಾರ್ಥಾಳ ಮರಣಾನಂತರ ಬಿಡುಗಡೆ ಮಾಡಬೇಕೆಂದು ಬರೆದ. ಅವಳು ಅಷ್ಟು ಕಾಲ ಕಾಯದೆ 1801ರ ಜನವರಿ 1ರಂದು ಬಿಡುಗಡೆ ಮಾಡಿದಳು. ಉಳಿದ 153 ಮಂದಿಯನ್ನು ಬಿಡುಗಡೆ ಮಾಡುವ ಹಕ್ಕು ಕಾನೂನಿನಲ್ಲಿ ಇಬ್ಬರಿಗೂ ಇರಲಿಲ್ಲ. ಅವಳು ತೀರಿಕೊಂಡ ಮೇಲೆ ಅವರೆಲ್ಲ ವಾರಸುದಾರರ ನಡುವೆ ಹಂಚಿಹೋದರು. ಎರಡು ಗುಂಪುಗಳ ನಡುವೆ ಮದುವೆಗಳಾಗಿದ್ದವು, ಮಕ್ಕಳಿದ್ದರು. ಗಂಡ ಸ್ವತಂತ್ರ, ಹೆಂಡತಿ ಮಕ್ಕಳು ಇನ್ನೊಬ್ಬರ ಸೊತ್ತು ಎಂಬಂಥ ಸಂಸಾರಗಳು ಬಿಡುಗಡೆಯ ಆ ದಿನ ಹುಟ್ಟಿಕೊಂಡವು.

ಅದೇ ಉಯಿಲಿನಲ್ಲಿ ಒಬ್ಬನಿಗೆ ಮಾತ್ರ ತಕ್ಷಣದ ಬಿಡುಗಡೆ. ಸ್ವಾತಂತ್ರ್ಯ ಯುದ್ಧದುದ್ದಕ್ಕೂ ಜಾರ್ಜ್‌ನ ಪಕ್ಕದಲ್ಲೇ ಕುದುರೆಯ ಮೇಲಿದ್ದ ವಿಲಿಯಂ. 1768ರಲ್ಲಿ ಲೀ ಎಂಬ ಮನೆತನದ ಆಸ್ತಿಯಿಂದ ಅವನನ್ನು ಕೊಂಡು ತಂದದ್ದು. ಉಯಿಲು ಬರೆಯುವಾಗ ಜಾರ್ಜ್ ಅವನ ಹೆಸರಿನ ಮುಂದೆ, ತನ್ನನ್ನು ವಿಲಿಯಂ ಲೀ ಎಂದು ಕರೆದುಕೊಳ್ಳುವವನು ಎಂಬರ್ಥದ ಮಾತು ಸೇರಿಸಿದ್ದಾನೆ. ಆ ಮಾತಿನ ಹತ್ತಿರ ನಾನು ಪ್ರತಿ ಸಲ ನಿಲ್ಲುತ್ತೇನೆ. ಮೂವತ್ತು ವರ್ಷ ಜೊತೆಗಿದ್ದ ಯಜಮಾನ ಆ ಎರಡನೆಯ ಹೆಸರನ್ನು ತನ್ನದೆಂದು ಒಪ್ಪಿ ಬರೆಯುತ್ತಿಲ್ಲ, ಅವನ ಮಾತೆಂದು ಬರೆಯುತ್ತಿದ್ದಾನೆ. ಆದರೆ ಬರೆಯದೆ ಇರಲೂ ಆಗಿಲ್ಲ. ವಿಲಿಯಂ ಅಷ್ಟು ವರ್ಷ ಆ ಹೆಸರನ್ನು ಬಿಡದೆ ಹಿಡಿದುಕೊಂಡಿದ್ದ.

ಇಂಥ ಹೆಸರುಗಳು ಗುಲಾಮರ ಕೇರಿಗಳಲ್ಲಿ ಬಹಳ ಇದ್ದವು ಎಂಬುದು ಇತಿಹಾಸಕಾರರು ನಿಧಾನವಾಗಿ ತೋರಿಸಿಕೊಟ್ಟ ಸಂಗತಿ. ಯಜಮಾನನ ಪುಸ್ತಕದಲ್ಲಿ ಒಂದೇ ಹೆಸರು, ತಮ್ಮತಮ್ಮೊಳಗೆ ಎರಡು. ಎಷ್ಟೋ ಸಲ ಅದು ಈಗಿನ ಯಜಮಾನನದಲ್ಲ, ಹಿಂದಿನವನದೋ, ಅವನಿಗೂ ಹಿಂದಿನವನದೋ. ಮಾರಾಟವಾಗಿ ಚದುರಿಹೋದ ತಂದೆತಾಯಿ, ಅಣ್ಣತಂಗಿಯರು ಎಲ್ಲಾದರೂ ಇದ್ದರೆ ಗುರುತು ಹಿಡಿಯಲು ಇದ್ದ ಎಳೆ ಅದೊಂದೇ. ಸರ್ಕಾರಕ್ಕೆ ಮಾತ್ರ ಇದಾವುದೂ ಕಾಣಲಿಲ್ಲ. 1850 ಮತ್ತು 1860ರ ಗಣತಿಗಳಲ್ಲಿ ಗುಲಾಮರಿಗೆ ಬೇರೆಯೇ ಪಟ್ಟಿ. ಯಜಮಾನನ ಹೆಸರಿನ ಕೆಳಗೆ ವಯಸ್ಸು, ಗಂಡು ಅಥವಾ ಹೆಣ್ಣು, ಮೈಬಣ್ಣ. ಹೆಸರಿಗೆ ಸಾಮಾನ್ಯವಾಗಿ ಜಾಗವೇ ಇಲ್ಲ. ಎಲ್ಲ ಕಪ್ಪು ಜನರನ್ನೂ ಹೆಸರು ಹಿಡಿದು ಎಣಿಸಿದ್ದು 1870ರಲ್ಲಿ. ತಮ್ಮ ಹಿರಿಯರನ್ನು ಹುಡುಕುವ ಆಫ್ರಿಕನ್ ಅಮೆರಿಕನ್ನರ ದಾರಿ ಇಂದಿಗೂ ಬಹುಪಾಲು ಆ ವರ್ಷಕ್ಕೆ ಬಂದು ಮುಚ್ಚಿಹೋಗುತ್ತದೆ.

ವಾಷಿಂಗ್ಟನ್ ಹೆಸರು ಹೊತ್ತವರೆಲ್ಲ ಜಾರ್ಜ್‌ನ ಮನೆಯ ಗುಲಾಮರ ಸಂತತಿ ಎಂದುಕೊಳ್ಳುವುದು ಸುಲಭ. ಲೆಕ್ಕ ಹೊಂದುವುದಿಲ್ಲ. ಅವನ ಬಂಧುಗಳ ತೋಟಗಳಲ್ಲೂ ಗುಲಾಮರಿದ್ದರು ನಿಜ, ಅಲ್ಲಿಂದ ಕೆಲವರು ಆ ಹೆಸರು ಪಡೆದಿರಬೇಕು. ಆದರೆ ಲಕ್ಷ ದಾಟಿದ ಜನಕ್ಕೆ ಆ ಕೆಲವು ತೋಟಗಳು ಸಾಲವು. ಬಹಳ ಮಂದಿ ಅದನ್ನು ಆರಿಸಿಕೊಂಡಿದ್ದಾರೆ. ಹಾಗೆ ಆರಿಸಿಕೊಂಡವರಲ್ಲಿ ಒಬ್ಬ ಹುಡುಗನ ಕಥೆ ಅವನ ಬಾಯಿಂದಲೇ ನಮಗೆ ಸಿಕ್ಕಿದೆ.

ಬುಕರ್ ಹುಟ್ಟಿದ್ದು 1856ರಲ್ಲಿ, ವರ್ಜೀನಿಯಾದ ಒಂದು ಸಣ್ಣ ತೋಟದಲ್ಲಿ. ತಂದೆ ಯಾರೋ ಬಿಳಿಯ, ಹೆಸರು ತಿಳಿಯದು. ಬಿಡುಗಡೆಯ ನಂತರ ತಾಯಿ ಮಕ್ಕಳನ್ನು ಕರೆದುಕೊಂಡು ಗಂಡನಿದ್ದ ಮಾಲ್ಡನ್ ಎಂಬ ಊರಿಗೆ ಹೋದಳು. ಉಪ್ಪಿನ ಕುಲುಮೆಗಳ ಊರು ಅದು. ಮಲತಂದೆಯ ಪೀಪಾಯಿಗಳ ಮೇಲೆ 18 ಎಂಬ ಗುರುತು ಹಾಕುತ್ತಿದ್ದರು. ಹುಡುಗ ಕಲಿತ ಮೊದಲ ಬರಹ ಆ ಅಂಕಿ. ಶಾಲೆಗೆ ಹೋಗುವ ಹಟ ಹಿಡಿದು ಕೊನೆಗೂ ಹೋದಾಗ ಉಳಿದ ಮಕ್ಕಳೆಲ್ಲ ಟೋಪಿ ಹಾಕಿಕೊಂಡಿದ್ದರು. ಅಂಗಡಿಯಿಂದ ಕೊಳ್ಳಲು ದುಡ್ಡಿಲ್ಲದ ತಾಯಿ ಒರಟು ಬಟ್ಟೆಯ ಎರಡು ತುಂಡು ಹೊಲಿದು ಟೋಪಿ ಮಾಡಿಕೊಟ್ಟಳು. ಅದಾದ ಮೇಲೆ ಇನ್ನೊಂದು ಕೊರತೆ ಎದುರಾಯಿತು. ಮೇಷ್ಟ್ರು ಹಾಜರಿ ಕರೆಯುವಾಗ ಪ್ರತಿಯೊಬ್ಬನೂ ಎರಡು ಹೆಸರು ಹೇಳುತ್ತಿದ್ದ, ಕೆಲವರು ಮೂರು. ಇವನಿಗೆ ಇದ್ದದ್ದು ಬುಕರ್ ಒಂದೇ. ಸರದಿ ಬರುವಷ್ಟರಲ್ಲಿ ಉಪಾಯ ಹೊಳೆಯಿತು. ಮೊದಲಿನಿಂದಲೂ ಅದೇ ತನ್ನ ಹೆಸರು ಎಂಬಷ್ಟು ಸಮಾಧಾನದಿಂದ ‘ಬುಕರ್ ವಾಷಿಂಗ್ಟನ್’ ಎಂದ. ಮಲತಂದೆಯ ಮೊದಲ ಹೆಸರು ವಾಷಿಂಗ್ಟನ್. ಅದು ನಾಲಿಗೆಗೆ ಬಂದಿತೋ, ದೇಶದ ಮೊದಲ ಅಧ್ಯಕ್ಷನ ಹೆಸರು ಬಂದಿತೋ, ಆ ಕ್ಷಣದ ಮಗುವಿನ ಮನಸ್ಸಿನಲ್ಲಿ ಎರಡೂ ಕೂಡಿದ್ದವೋ. ತಾಯಿ ತನಗೆ ಟ್ಯಾಲಿಯಾಫೆರೊ ಎಂಬ ಇನ್ನೊಂದು ಹೆಸರನ್ನೂ ಇಟ್ಟಿದ್ದಳೆಂದು ಅವನಿಗೆ ಆಮೇಲೆ ಗೊತ್ತಾಯಿತು. ಅದನ್ನು ನಡುವೆ ಸೇರಿಸಿಕೊಂಡ. 1881ರಲ್ಲಿ ಟಸ್ಕೀಗಿ ವಿದ್ಯಾಸಂಸ್ಥೆಯ ಹೊಣೆ ಹೊತ್ತ ಬುಕರ್ ಟಿ. ವಾಷಿಂಗ್ಟನ್ ಅವರೇ ಈ ಹುಡುಗ. 1901ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ, ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳುವ ಅವಕಾಶ ಈ ದೇಶದಲ್ಲಿ ಹೆಚ್ಚು ಜನಕ್ಕೆ ಸಿಕ್ಕಿಲ್ಲವೆಂದು ಅವರು ಹೇಳಿಕೊಂಡಿದ್ದಾರೆ.

ಅದೇ ಆತ್ಮಕಥೆಯ ಪ್ರಕಾರ, ಬಿಡುಗಡೆಯ ಸುದ್ದಿ ತಲುಪಿದಾಗ ಜನ ಎರಡು ಕೆಲಸ ಮಾಡಬೇಕೆಂದುಕೊಂಡರಂತೆ. ತಾವು ನಿಜಕ್ಕೂ ಸ್ವತಂತ್ರರೇ ಎಂದು ಪರೀಕ್ಷಿಸಲು ಕೆಲವು ದಿನವಾದರೂ ತೋಟ ಬಿಟ್ಟು ಹೋಗುವುದು, ಹೆಸರು ಬದಲಿಸುವುದು. ಇಂಥವನ ಜಾನ್ ಎಂದು ಕರೆಸಿಕೊಳ್ಳುತ್ತಿದ್ದವನು ಜಾನ್ ಎಸ್. ಲಿಂಕನ್ ಆಗುತ್ತಿದ್ದ. ನಡುವಿನ ಅಕ್ಷರ ಯಾವ ಹೆಸರಿನದೂ ಆಗಿರುತ್ತಿರಲಿಲ್ಲ, ಸುಮ್ಮನೆ ಇರಬೇಕು ಅಷ್ಟೆ. ಇದನ್ನು ಓದಿ ನಕ್ಕವರಿದ್ದಾರೆ. ನನಗೆ ನಗು ಬರುವುದಿಲ್ಲ. ದೊಡ್ಡ ಮನೆಯವರೆಲ್ಲರ ಹೆಸರಿನಲ್ಲೂ ಅಂಥ ಅಕ್ಷರಗಳಿದ್ದುದನ್ನು ಜೀವಮಾನವಿಡೀ ಹೊರಗೆ ನಿಂತು ನೋಡಿದವರು ಅವರು.

ಆದರೂ ಲಿಂಕನ್ನರ ಸಂಖ್ಯೆ ಅಷ್ಟು ಕಡಿಮೆ ಏಕೆ? ನನಗೆ ತೋರುವ ಕಾರಣ, ಬಿಡುಗಡೆಯ ದಿನ ಹೆಸರು ಹುಡುಕುತ್ತ ಹೊರಟವರಿಗಿಂತ, ಅದಾಗಲೇ ಗುಟ್ಟಾಗಿ ಇದ್ದ ಹೆಸರನ್ನು ಗಟ್ಟಿಯಾಗಿ ಹೇಳಿದವರು ಹೆಚ್ಚು. ಕಚೇರಿಯ ಗುಮಾಸ್ತ ಅದನ್ನು ಮೊದಲ ಸಲ ಕೇಳಿಸಿಕೊಂಡ. ವಾಷಿಂಗ್ಟನ್ ಎಂಬುದೂ ಎಷ್ಟೋ ಮನೆಗಳಲ್ಲಿ ಬಿಡುಗಡೆಯ ವರ್ಷವಾದ 1865ಕ್ಕಿಂತ ಹಳೆಯದಿರಬೇಕು.

ಇದಕ್ಕೆ ಎದುರಾಗಿ ನಿಂತವರೂ ಇದ್ದಾರೆ. 1925ರಲ್ಲಿ ಮಾಲ್ಕಂ ಲಿಟ್ಲ್ ಆಗಿ ಹುಟ್ಟಿದವರು ಆ ಲಿಟ್ಲ್ ಎಂಬುದನ್ನು ಬಿಳಿಯ ಯಜಮಾನ ಹಾಕಿದ ಮುದ್ರೆಯೆಂದು ಕಿತ್ತುಹಾಕಿ, ಕಳೆದುಹೋದ ಆಫ್ರಿಕಾದ ಹೆಸರಿನ ಜಾಗದಲ್ಲಿ ಎಕ್ಸ್ ಎಂಬ ಅಕ್ಷರ ಇಟ್ಟುಕೊಂಡರು. ಆ ಸಿಟ್ಟಿನ ಸತ್ಯ ನನಗೆ ಅರ್ಥವಾಗುತ್ತದೆ. ಕದ್ದದ್ದನ್ನು ಕದ್ದದ್ದೆಂದು ಹೇಳಲೇಬೇಕು. ಆದರೆ ನನ್ನ ಮನಸ್ಸು ಹಾಜರಿಗೆ ಓಗೊಟ್ಟ ಆ ಹುಡುಗನ ಕಡೆಗೇ ವಾಲುತ್ತದೆ. ಬುಕರ್‌ಗೆ ಆ ಹೆಸರನ್ನು ಯಾವ ಯಜಮಾನನೂ ಹಾಕಲಿಲ್ಲ. 1183ರ ವಿಲಿಯಂ ಹೊಸ ಊರಿಗೆ ಬಂದು ಅದರ ಹೆಸರನ್ನು ತನ್ನದಾಗಿಸಿಕೊಂಡಷ್ಟೇ ಹಕ್ಕು ಇವನಿಗೂ ಇತ್ತು. ವಿಲಿಯಂ ಜಮೀನು ಕೊಟ್ಟು ಪಡೆದ. ಇವನ ಹಿಂದಿನವರು ಕೊಟ್ಟದ್ದು ಇನ್ನೂರು ವರ್ಷಗಳಿಗೂ ಮೀರಿದ ದುಡಿಮೆ.

ಸಲ್‌ಗ್ರೇವ್ ಮನೆತನದ ಲಾಂಛನದಲ್ಲಿ ಬಿಳಿಯ ಮೇಲೆ ಎರಡು ಕೆಂಪು ಪಟ್ಟಿ, ಮೂರು ಕೆಂಪು ನಕ್ಷತ್ರ. 1938ರಲ್ಲಿ ಅದು ಅಮೆರಿಕದ ರಾಜಧಾನಿಯ ಬಾವುಟವಾಯಿತು. ಆ ನಗರಕ್ಕೆ ಒಂದು ಶತಮಾನ ಕಾಲ ಚುನಾಯಿತ ಮೇಯರ್ ಇರಲಿಲ್ಲ. 1975ರ ಜನವರಿಯಲ್ಲಿ ಆ ಹುದ್ದೆಯ ಪ್ರಮಾಣವಚನ ತೆಗೆದುಕೊಂಡವರು ವಾಲ್ಟರ್ ವಾಷಿಂಗ್ಟನ್, ಗುಲಾಮರ ವಂಶದ ಕುಡಿ. ಪ್ರಮಾಣವಚನ ಬೋಧಿಸಿದವರು ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್. ಎಂಟು ವರ್ಷಗಳ ನಂತರ ಹೆರಾಲ್ಡ್ ವಾಷಿಂಗ್ಟನ್ ಶಿಕಾಗೋದ ಮೊದಲ ಕಪ್ಪು ಮೇಯರ್ ಆದರು.

ಆದರೆ ಈ ಸಾಲಿನಲ್ಲಿ ನಾನು ಮೊದಲು ನಿಲ್ಲಿಸುವುದು ಇನ್ನೂ ಹಿಂದಿನವನೊಬ್ಬನನ್ನು. ಗ್ಯಾಂಬಿಯಾ ನದಿಯ ಸೀಮೆಯಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ ಮೌಂಟ್ ವರ್ನನ್ನಿಗೆ ಬಂದ ಹ್ಯಾರಿ. ಜಾರ್ಜ್ ದೇಶದ ಸ್ವಾತಂತ್ರ್ಯಕ್ಕೆ ಹೋರಾಡಲು ಹೋದ ಕಾಲದಲ್ಲಿ ಇವನು ತನ್ನ ಸ್ವಾತಂತ್ರ್ಯಕ್ಕಾಗಿ ತೋಟದಿಂದ ತಪ್ಪಿಸಿಕೊಂಡು ಬ್ರಿಟಿಷರ ಕಡೆ ಸೇರಿದ. ಸೋತ ಬ್ರಿಟಿಷರು 1783ರಲ್ಲಿ ನ್ಯೂಯಾರ್ಕಿನಿಂದ ತಮ್ಮೊಡನೆ ಕರೆದೊಯ್ದ ಕಪ್ಪು ಜನರ ಪಟ್ಟಿಯಲ್ಲಿ ಅವನಿದ್ದಾನೆ. ಹ್ಯಾರಿ ವಾಷಿಂಗ್ಟನ್, ವಯಸ್ಸು 43. ಯಾರ ಕೈಯಿಂದ ತಪ್ಪಿಸಿಕೊಂಡನೋ ಅವನ ಹೆಸರನ್ನೇ ತನ್ನ ಹೆಸರಾಗಿ ಬರೆಸಿದ್ದಾನೆ. ಕೆನಡಾದ ನೋವಾ ಸ್ಕೋಷಿಯಾದ ಚಳಿಯಲ್ಲಿ ಕೆಲವು ವರ್ಷ ಕಳೆದು, 1792ರಲ್ಲಿ ಸಿಯೆರಾ ಲಿಯೋನ್‌ಗೆ ಹೋಗಿ ನೆಲೆಸಿದ. ಅಲ್ಲಿನ ಕಂಪನಿ ಸರ್ಕಾರ ವಸಾಹತಿನ ಜನರ ಜಮೀನಿನ ಮೇಲೆ ಕಂದಾಯ ಹೇರಿದಾಗ, ತಮ್ಮನ್ನು ಕೇಳದೆ ಹಾಕಿದ ಕಂದಾಯ ಕೊಡುವುದಿಲ್ಲವೆಂದು ಜನ ದಂಗೆ ಎದ್ದರು. ಅವರಲ್ಲಿ ಹ್ಯಾರಿಯೂ ಇದ್ದ. ಅದು 1800ನೇ ಇಸವಿ, ಜಾರ್ಜ್ ತೀರಿಕೊಂಡು ವರ್ಷವೂ ತುಂಬಿರಲಿಲ್ಲ. ದಂಗೆ ಅಡಗಿದ ಮೇಲೆ ಅವನನ್ನು ಗಡಿಪಾರು ಮಾಡಿ ಬುಲ್ಲಮ್ ತೀರಕ್ಕೆ ಕಳಿಸಿದರು. ಅಲ್ಲಿ ನೆಲೆಸಿದ ದೇಶಭ್ರಷ್ಟರಿಗೆ ಅವನು ಮುಖಂಡನಾದ.